‘ಕಲ್ಮಶ ಹೊರಗೆ ಬರ್ತಿದೆ ಮೇಡಂ’ ಅಂದರೆ ಅಲ್ಲಿಂದ ಎದ್ದು ಬನ್ನಿ

ಯೋನಿ ಸ್ಟೀಮ್, ವಿ-ಸ್ಟೀಮ್, ಗರ್ಭಕೋಶದ ಡಿಟಾಕ್ಸ್, ಗಿಡಮೂಲಿಕೆ ಹಬೆ ಚಿಕಿತ್ಸೆ. ಒಂದೊಂದು ಕಡೆ ಒಂದೊಂದು ಹೆಸರು, ಮಾಡುವುದು ಮಾತ್ರ ಒಂದೇ. ನಡುವೆ ತೂತಿರುವ ಕುರ್ಚಿ, ಅದರ ಕೆಳಗೆ ಕಾಯುವ ಸೊಪ್ಪಿನ ನೀರು, ಮೇಲೆ ಕೂತ ನಾವು. ಮುಟ್ಟಿನ ಹೊಟ್ಟೆನೋವು, ಬಿಳಿ ಸೆರಗು, ಪಿಸಿಓಡಿ, ಮಕ್ಕಳಾಗದಿರುವುದು, ಹೆರಿಗೆ ಆದ ಮೇಲಿನ ಸೊಂಟ ನೋವು, ಎಲ್ಲಕ್ಕೂ ಇದೇ ಮದ್ದು ಅಂತ ರೀಲ್ಸ್ ಓಡುತ್ತಿವೆ. ಈ ಹಬೆಯಿಂದ ನನಗೆ ಸುಟ್ಟ ಗಾಯವಾಗಿದೆ. ಎಲ್ಲಿ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆ ಜಾಗದ ಗಾಯದ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ ಅನ್ನುವ ಧೈರ್ಯದ ಮೇಲೇ ಈ ವ್ಯಾಪಾರ ನಡೆಯುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನನಗಿದ್ದ ತೊಂದರೆ ಇಷ್ಟೇ. ಮುಟ್ಟು ಮುಗಿದ ಮೇಲೂ ನಡುನಡುವೆ ಕೆಂಪು ಕಾಣಿಸುತ್ತಿತ್ತು, ಬಿಳಿ ಸೆರಗು ಜಾಸ್ತಿ ಇತ್ತು, ಕಿಬ್ಬೊಟ್ಟೆ ಭಾರ. ಆಫೀಸಿನ ಗೆಳತಿಯೊಬ್ಬಳು ಬೆಂಗಳೂರಿನ ಒಂದು ಸೆಂಟರ್‌ನ ಹೆಸರು ಕೊಟ್ಟಳು. ಕೆಳಗೆ ಬ್ಯೂಟಿ ಪಾರ್ಲರ್, ಮೇಲಿನ ಮಹಡಿಯಲ್ಲಿ ಇವರು. ಗೋಡೆ ಮೇಲೆ ದೊಡ್ಡದಾಗಿ ಕಮಲದ ಚಿತ್ರ, ‘5000 ವರ್ಷಗಳ ಪರಂಪರೆ’ ಅನ್ನುವ ಸಾಲು. ತುಂಬಿಸಲು ಒಂದು ಫಾರಂ ಕೊಟ್ಟರು. ಹೆಸರು, ಫೋನ್ ನಂಬರ್, ಯಾವ ಸುವಾಸನೆ ಇಷ್ಟ, ನಮ್ಮ ಬಗ್ಗೆ ಎಲ್ಲಿ ಕೇಳಿದಿರಿ, ಎಲ್ಲವೂ ಅದರಲ್ಲಿತ್ತು. ಕಡೆಯ ಮುಟ್ಟು ಯಾವಾಗ ಆಯಿತು, ಬಸುರಿಯೇ, ಸಕ್ಕರೆ ಕಾಯಿಲೆ ಇದೆಯೇ, ಒಳಗೆ ಗಾಯವೋ ಹೊಲಿಗೆಯೋ ಇದೆಯೇ, ಇವು ಯಾವುವೂ ಇರಲಿಲ್ಲ. ನಡುನಡುವೆ ರಕ್ತ ಹೋಗುತ್ತದೆ ಅಂತ ನಾನಾಗಿ ಹೇಳಿದಾಗ ಅಲ್ಲಿನ ‘ಹೋಲಿಸ್ಟಿಕ್ ಹೀಲರ್’ ತಲೆಯಾಡಿಸಿ, "ಹಳೇ ರಕ್ತ ಒಳಗೇ ಉಳಿದಿದೆ ಮೇಡಂ, ಅದಕ್ಕೇ ಇದು ಬೇಕಾಗಿರೋದು" ಅಂದರು.

ಮೊದಲ ಸಲ ಹಿತವಾಗಿಯೇ ಇತ್ತು. ಅದನ್ನು ಮುಚ್ಚಿಡುವುದಿಲ್ಲ. ಬೆಚ್ಚಗಿನ ಕಾವು ಕಿಬ್ಬೊಟ್ಟೆ ನೋವಿಗೆ ಹಿತ ಕೊಡುತ್ತದೆ. ಆ ಹಿತ ಬಿಸಿನೀರಿನ ಬ್ಯಾಗಿನಿಂದಲೂ ಸಿಗುತ್ತದೆ ಅನ್ನುವುದು ಬೇರೆ ಮಾತು. ಮಾರನೆಯ ದಿನ ಸೆರಗು ಹೆಚ್ಚಾಯಿತು. ವಾಟ್ಸಾಪ್‌ನಲ್ಲಿ ಕೇಳಿದೆ. ಉತ್ತರ ಬಂತು: "ಕಲ್ಮಶ ಹೊರಗೆ ಬರ್ತಿದೆ ಮೇಡಂ, ತುಂಬಾ ಒಳ್ಳೇದು." ಜೊತೆಗೊಂದು ಹೂವಿನ ಇಮೋಜಿ. ಆಮೇಲೆ ತುರಿಕೆ ಶುರುವಾಯಿತು, ಕೆಟ್ಟ ವಾಸನೆಯೂ ಬಂತು. ಉತ್ತರ ಅದೇ, ಹೂವೂ ಅದೇ.

ಮುಂದಿನ ಸಲ ಇದನ್ನೆಲ್ಲ ‘ಡೀಪ್ ಡಿಟಾಕ್ಸ್’ ಮಾಡಿ ತೆಗೆಯುತ್ತೇವೆ ಅಂದರು. ಕುತ್ತಿಗೆಯಿಂದ ನೆಲದವರೆಗೆ ಗುಡಾರದ ಹಾಗೆ ಹರಡಿಕೊಳ್ಳುವ ಪ್ಲಾಸ್ಟಿಕ್ ಬಟ್ಟೆ ಹೊದಿಸುತ್ತಾರೆ, ಹಬೆ ಒಂಚೂರೂ ಹೊರಗೆ ಹೋಗಬಾರದಂತೆ. ಕೆಳಗೆ ಕರೆಂಟಿನ ಪಾತ್ರೆ. ಬಾಗಿಲು ಮುಂದೆ ಮಾಡಿ ಆ ಹೀಲರ್ ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಪಾತ್ರೆ ಕೊತಕೊತ ಕುದಿಯುವ ಸದ್ದು ಕೇಳಿಸಿತು. ಉರಿ ಹತ್ತಿತು. ಕೂಗಿದೆ. ಬಾಗಿಲಾಚೆಯಿಂದಲೇ, "ಸ್ವಲ್ಪ ತಡ್ಕೊಳ್ಳಿ ಮೇಡಂ, ಬ್ಲಾಕೇಜ್ ಓಪನ್ ಆಗ್ತಿದೆ" ಅಂದರು. ನಾನೇ ಆ ಗುಡಾರ ಕಿತ್ತೆಸೆದು ಎದ್ದೆ. ಲೋಳೆಸರದ ಜೆಲ್ ಕೈಗಿಟ್ಟು, ಮನೆಗೆ ಹೋಗಿ ಕೊಬ್ಬರಿ ಎಣ್ಣೆ ಹಚ್ಚಿ ಅಂದರು. ರಾತ್ರಿ ಹೊತ್ತಿಗೆ ಬೊಬ್ಬೆ ಎದ್ದಿದ್ದವು. ಮೂತ್ರ ಮಾಡಿದರೆ ಪ್ರಾಣ ಹೋದ ಹಾಗೆ. ಮೆಸೇಜ್ ಹಾಕಿದೆ. "ಇದು ಹೀಲಿಂಗ್ ಕ್ರೈಸಿಸ್. ವಾಸಿಯಾಗೋ ಮುಂಚೆ ಹೀಗಾಗುತ್ತೆ" ಅಂತ ಬಂತು.

ಈ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿ. ಸೆರಗು ಹೆಚ್ಚಾದರೆ ಕಲ್ಮಶ ಹೋಗುತ್ತಿದೆ. ಕಡಿಮೆಯಾದರೆ ಕಲ್ಮಶ ಹೋಯಿತು. ರಕ್ತ ಬಂದರೆ ಹಳೇ ರಕ್ತ. ಸುಟ್ಟರೆ ಬ್ಲಾಕೇಜ್. ಯಾವ ತೊಂದರೆಯೂ ತೊಂದರೆ ಅಲ್ಲ, ಎಲ್ಲವೂ ಗೆಲುವೇ. ‘ಇದು ನಮ್ಮ ಕೈಲಾಗದ್ದು, ಡಾಕ್ಟರ್ ಹತ್ತಿರ ಹೋಗಿ’ ಅನ್ನುವ ಮಾತು ಆ ಲೆಕ್ಕದಲ್ಲಿ ಬರುವುದಕ್ಕೇ ಜಾಗವಿಲ್ಲ. ನನ್ನ ಮಟ್ಟಿಗೆ ಆ ಕುದಿಯುವ ಪಾತ್ರೆಗಿಂತ ಅಪಾಯದ್ದು ಈ ಉತ್ತರ.

ಆಸ್ಪತ್ರೆಯಲ್ಲಿ ಹೆಣ್ಣು ಡಾಕ್ಟರೇ ನೋಡಿದರು. ಎರಡನೇ ದರ್ಜೆಯ ಸುಟ್ಟ ಗಾಯ. ಜೊತೆಗೆ ಒಳಗೆ ಸೋಂಕು. ಗಾಯ ಮಾಗಿದ ಮೇಲೆ ಮತ್ತೆ ಪರೀಕ್ಷೆ ಮಾಡಿದಾಗ ಗರ್ಭಕೋಶದ ಬಾಯಲ್ಲಿ ಒಂದು ಸಣ್ಣ ಪಾಲಿಪ್ ಕಾಣಿಸಿತು, ಅಂದರೆ ಪುಟ್ಟ ಮಾಂಸದ ಕುಡಿ. ನಡುನಡುವೆ ರಕ್ತ ಬರುತ್ತಿದ್ದದ್ದು ಅದರಿಂದ. ಅಡ್ಮಿಟ್ ಕೂಡ ಮಾಡಿಕೊಳ್ಳದೆ ತೆಗೆದರು, ತುಣುಕನ್ನು ಬಯಾಪ್ಸಿಗೆ ಕಳಿಸಿದರು, ಏನೂ ತೊಂದರೆ ಇರಲಿಲ್ಲ. ಅದು ಕ್ಯಾನ್ಸರ್ ಆಗಿದ್ದರೂ ಸೆಂಟರ್‌ನವರು ‘ಹಳೇ ರಕ್ತ’ ಅಂತಲೇ ಹೇಳುತ್ತಿದ್ದರು ಅನ್ನುವುದು ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಕಿವುಚುವ ವಿಷಯ.

ಹಬೆ ಅಷ್ಟೇ ತಾನೇ, ನೀರೇನೂ ತಾಗಿಲ್ಲವಲ್ಲ ಅಂತ ಕೇಳಿದವರೂ ಇದ್ದಾರೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಕೈ ಅಡ್ಡ ಬಂದರೆ ಏನಾಗುತ್ತದೆ ಅಂತ ಅಡುಗೆ ಮಾಡುವವರಿಗೆಲ್ಲ ಗೊತ್ತು. ಹಬೆ ಚರ್ಮಕ್ಕೆ ತಾಗಿ ನೀರಾಗುತ್ತದಲ್ಲ, ಆಗ ಒಂದು ಗ್ರಾಂಗೆ ಸುಮಾರು 540 ಕ್ಯಾಲೊರಿಯಷ್ಟು ಶಾಖ ಅಲ್ಲೇ ಇಳಿಸಿ ಹೋಗುತ್ತದೆ. ನೀರಾದ ಮೇಲೂ ಅದು ಬಿಸಿಯೇ. 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನು ಸುಮಾರು 5 ಸೆಕೆಂಡಿನಲ್ಲಿ ಆಳವಾಗಿ ಸುಡಬಲ್ಲದು. ಕೈಯಾದರೆ ಥಟ್ಟನೆ ಹಿಂದಕ್ಕೆ ಎಳೆದುಕೊಳ್ಳುತ್ತೇವೆ. ಕುರ್ಚಿಗೆ ಕಟ್ಟಿಕೊಂಡಂತೆ ಕೂತಿರುವಾಗ ಎಲ್ಲಿಗೆ ಎಳೆದುಕೊಳ್ಳುವುದು? ಅಲ್ಲಿನ ಚರ್ಮ ಕೈಗಿಂತ ತೆಳ್ಳಗೆ, ಮೆತ್ತಗೆ. ಸಕ್ಕರೆ ಕಾಯಿಲೆಯಿಂದ ನರ ಮಂದವಾದವರಿಗೆ ಸುಡುತ್ತಿರುವುದೇ ತಡವಾಗಿ ಗೊತ್ತಾಗುತ್ತದೆ.

2019ರಲ್ಲಿ ಕೆನಡಾದ ಸ್ತ್ರೀರೋಗ ವೈದ್ಯರ ಪತ್ರಿಕೆಯಲ್ಲಿ ಇಂಥದ್ದೇ ಒಂದು ವರದಿ ಬಂದಿತ್ತು. 62 ವರ್ಷದ ಹೆಂಗಸು, ಯೋನಿ ಕೆಳಗೆ ಜಾರುವ ತೊಂದರೆ. ಆಪರೇಷನ್ ತಪ್ಪಿಸಿಕೊಳ್ಳಬಹುದೇನೋ ಅಂತ ಕುದಿಯುವ ನೀರಿನ ಮೇಲೆ 20 ನಿಮಿಷ ಕೂತರು, ಮರುದಿನ ಮತ್ತೆ 20 ನಿಮಿಷ. ಎರಡನೇ ದರ್ಜೆಯ ಸುಟ್ಟ ಗಾಯವಾಗಿ ಆಸ್ಪತ್ರೆಗೆ ಬಂದರು. ಮಾಡಬೇಕಿದ್ದ ಆಪರೇಷನ್ ಮುಂದಕ್ಕೆ ಹೋಯಿತು.

ಇಷ್ಟಾದರೂ ಗರ್ಭಕೋಶಕ್ಕೆ ಏನಾದರೂ ಒಳ್ಳೆಯದಾಗುತ್ತದೆಯೇ ಅಂದರೆ, ಹಬೆ ಅಲ್ಲಿಗೆ ಹೋಗುವುದೇ ಇಲ್ಲ. ಯೋನಿ ತೆರೆದ ಕೊಳವೆ ಅಲ್ಲ, ಅದರ ಗೋಡೆಗಳು ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಗರ್ಭಕೋಶದ ಬಾಯಿ ಅಂತೂ ತೀರಾ ಕಿರಿದು, ಅದಕ್ಕೆ ಲೋಳೆಯ ಬಿರಡೆ ಬೇರೆ. ‘ಹಳೇ ರಕ್ತ’ ಅಂತ ಅಲ್ಲಿ ಯಾವುದೂ ಕೂಡಿಟ್ಟುಕೊಂಡಿರುವುದಿಲ್ಲ, ಆ ಪದರ ಮುಟ್ಟಿನಲ್ಲಿ ತಾನೇ ಕಳಚಿ ಹೋಗುತ್ತದೆ. ಯೋನಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಅನ್ನುವ ಒಳ್ಳೆಯ ಬ್ಯಾಕ್ಟೀರಿಯಾಗಳಿವೆ, ಮೊಸರು ಮಾಡುವ ಜಾತಿಯವು. ಅವು ಅಲ್ಲಿನ ಪಿಎಚ್ ಅನ್ನು 3.8ರಿಂದ 4.5ರ ಒಳಗೆ ಹುಳಿಯಾಗಿಟ್ಟು ಬೇರೆ ಕ್ರಿಮಿಗಳನ್ನು ದೂರ ಇಡುತ್ತವೆ. ಇದರಲ್ಲಿ ತೊಳೆದು ತೆಗೆಯಬೇಕಾದ ಕಲ್ಮಶ ಯಾವುದು? ಬಿಸಿ, ತೇವ, ಸುಗಂಧದ ಎಣ್ಣೆ ಸೇರಿದರೆ ಆ ಏರ್ಪಾಡೇ ಕೆಡಬಹುದು, ತುರಿಕೆಗೂ ಸೋಂಕಿಗೂ ದಾರಿ ಆಗಬಹುದು.

‘5000 ವರ್ಷಗಳ ಪರಂಪರೆ’ಯ ವಿಷಯಕ್ಕೆ ಬರೋಣ. ಆಯುರ್ವೇದದಲ್ಲಿ ಯೋನಿ ಧೂಪನ ಅಂತ ಇದೆ, ನಿಜ. ಗುಗ್ಗುಳ, ಬೇವು, ಅರಿಶಿನ, ಬಜೆಯಂಥವುಗಳ ಹೊಗೆ ಕೊಡುವುದು. ಅದು ಹೊಗೆ, ಹಬೆ ಅಲ್ಲ. ಯಾರಿಗೆ ಕೊಡಬೇಕು, ಯಾರಿಗೆ ಬೇಡ ಅಂತ ವೈದ್ಯರು ನೋಡಿ ಕೊಡುವಂಥದ್ದು. ನಾನು ಕೂತ ಆ ತೂತಿನ ಕುರ್ಚಿ ಬಂದ ದಾರಿಯೇ ಬೇರೆ. ಕೊರಿಯಾದಲ್ಲಿ ನಮ್ಮ ಮಾಚಿಪತ್ರೆಯ ಜಾತಿಯ ಸೊಪ್ಪಿನ ಹಬೆ ತೆಗೆದುಕೊಳ್ಳುವ ರೂಢಿ ಇದೆ. ಇಂಡೋನೇಷ್ಯಾ, ಮೊಜಾಂಬಿಕ್, ಮಧ್ಯ ಅಮೆರಿಕದಲ್ಲೂ ಇಂಥವು ಇವೆ. ಕೊರಿಯಾದ ಪದ್ಧತಿ ಲಾಸ್ ಏಂಜಲೀಸ್‌ನ ಸ್ಪಾಗಳಿಗೆ ಹೋಯಿತು. 2015ರಲ್ಲಿ ಹಾಲಿವುಡ್ ನಟಿ ಗ್ವಿನೆತ್ ಪಾಲ್ಟ್ರೋ ತನ್ನ ಗೂಪ್ ಸಂಸ್ಥೆಯ ಮೂಲಕ ಅದನ್ನು ಹೊಗಳಿದ ಮೇಲೆ ಜಗತ್ತಿಗೆಲ್ಲ ಹಬ್ಬಿತು. ಜೆನ್ ಗಂಟರ್ ಅನ್ನುವ ಸ್ತ್ರೀರೋಗ ವೈದ್ಯೆ ಆಗಲೇ ಇದನ್ನು ಮಾಡಬೇಡಿ ಅಂತ ಬರೆದಿದ್ದರು. ಹೊಗಳಿಕೆ ನಮ್ಮೂರಿನವರೆಗೆ ಬಂತು, ಆಕೆಯ ಮಾತು ಬರಲಿಲ್ಲ.

ನಮ್ಮ ಉತ್ತರ ಕರ್ನಾಟಕದ ಕಡೆ ಬಾಣಂತಿಯನ್ನು ಹೊರಸಿನ ಮೇಲೆ ಮಲಗಿಸಿ, ಕೆಳಗೆ ಕೆಂಡ ಇಟ್ಟು, ಅದರ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿ ಕಾವು ಕೊಡುವುದುಂಟು. ಅವ್ವನಿಗೆ ನನ್ನ ಕಥೆ ಹೇಳಿದಾಗ ಆಕೆ ಮೊದಲು ಕೇಳಿದ್ದು, "ಅಲ್ಲವಾ, ಕೈ ಇಟ್ಟು ನೋಡದ ಕಾವು ಕೊಡ್ತಾರೇನು ಯಾರರೆ?" ಅಂತ. ಮನೆಯಲ್ಲಿ ಕಾವು ಕೊಡುವವರು ಪಕ್ಕದಲ್ಲೇ ಕೂತಿರುತ್ತಾರೆ. ಬಾಣಂತಿ ‘ಸಾಕು’ ಅಂದರೆ ಕೆಂಡ ಸರಿಸುತ್ತಾರೆ. ಹಾಗಂತ ಅದನ್ನೂ ನಾನು ಎತ್ತಿ ಹಿಡಿಯುವುದಿಲ್ಲ. ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಜೀವವನ್ನೇ ತೆಗೆಯಬಲ್ಲದು. ಪಕ್ಕದಲ್ಲಿ ಹಸುಗೂಸು ಬೇರೆ ಮಲಗಿರುತ್ತದೆ. ಹೊಲಿಗೆ ಹಾಕಿದ ಜಾಗಕ್ಕೆ ಕಾವು ಬೇಡವೇ ಬೇಡ. ಬಸುರಿಯರಂತೂ ಹಬೆಯ ಕುರ್ಚಿಯ ಹತ್ತಿರವೂ ಸುಳಿಯಬಾರದು. ಮೊದಲ ತಿಂಗಳುಗಳಲ್ಲಿ ತಾಯಿಯ ಮೈ ತುಂಬಾ ಬಿಸಿಯೇರುವುದು ಮಗುವಿಗೆ ಒಳ್ಳೆಯದಲ್ಲ.

ಯಾರಿಗಾದರೂ ಈಗಾಗಲೇ ಸುಟ್ಟಿದ್ದರೆ: ತಣ್ಣನೆಯ ನಲ್ಲಿ ನೀರು, 20 ನಿಮಿಷ. ಐಸ್ ಬೇಡ, ಎಣ್ಣೆ, ತುಪ್ಪ, ಅರಿಶಿನ, ಟೂತ್‌ಪೇಸ್ಟ್ ಯಾವುದೂ ಬೇಡ. ಆ ಜಾಗದಲ್ಲಿ ಬೊಬ್ಬೆ ಎದ್ದರೆ ಕಾಯಬೇಡಿ, ಆವತ್ತೇ ಆಸ್ಪತ್ರೆಗೆ ಹೋಗಿ. ಮುಟ್ಟಿನ ನಡುವೆ ರಕ್ತ, ಸಂಭೋಗದ ನಂತರ ರಕ್ತ, ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಬಂದರೂ ಡಾಕ್ಟರಿಗೆ ತೋರಿಸಬೇಕು. 30 ದಾಟಿದ ಹೆಂಗಸರಿಗೆ ಸರ್ಕಾರದ ಕಾರ್ಯಕ್ರಮದಲ್ಲಿ 5 ವರ್ಷಕ್ಕೊಮ್ಮೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆ ಇದೆ. ವಿನೆಗರ್‌ನಲ್ಲಿರುವಂಥ ಆಸಿಡ್ ಹಚ್ಚಿ ಬಣ್ಣ ಬದಲಾಗುತ್ತದೆಯೇ ಅಂತ ನೋಡುತ್ತಾರೆ, ಕೆಲವೇ ನಿಮಿಷದ ಕೆಲಸ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಹತ್ತಿರದಲ್ಲಿ ಎಲ್ಲಿ ಮಾಡುತ್ತಾರೆ ಅಂತ ಹೇಳುತ್ತಾರೆ. ಆ ಸೆಂಟರ್‌ನ ಒಂದು ಪ್ಯಾಕೇಜಿನ ದುಡ್ಡಿನಲ್ಲಿ ನನಗೆ ಸ್ಕ್ಯಾನ್, ಡಾಕ್ಟರ್ ಫೀಸು ಎರಡೂ ಆಗಿ ಚಿಲ್ಲರೆ ಉಳಿಯುತ್ತಿತ್ತು.

ದುಡ್ಡು ವಾಪಸ್ ಕೇಳಲು ಹೋದಾಗ ನಡೆದದ್ದು ಇನ್ನೂ ಚೆಂದ. ‘ನಿಮ್ಮ ಕೆಪಿಎಂಇ ನೋಂದಣಿ ಸಂಖ್ಯೆ ಎಲ್ಲಿದೆ’ ಅಂತ ಕೇಳಿದೆ. ನಮ್ಮ ರಾಜ್ಯದಲ್ಲಿ ಚಿಕಿತ್ಸೆ ಕೊಡುವ ಖಾಸಗಿ ಕ್ಲಿನಿಕ್‌ಗಳು, ಆಯುರ್ವೇದದವೂ ಸೇರಿ, 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ (ಅದೇ ಕೆಪಿಎಂಇ) ನೋಂದಾಯಿಸಿಕೊಳ್ಳಬೇಕು. "ನಾವು ಚಿಕಿತ್ಸೆ ಕೊಡಲ್ಲ ಮೇಡಂ, ಇದು ವೆಲ್‌ನೆಸ್" ಅಂದರು. ಹಾಗೆ ಹೇಳಿದವರ ತಲೆಯ ಮೇಲೇ ‘ಪಿಸಿಓಡಿ, ಬಂಜೆತನಕ್ಕೆ ಪರಿಹಾರ’ ಅನ್ನುವ ಬೋರ್ಡು ನೇತಾಡುತ್ತಿತ್ತು. ಕೊನೆಗೆ ದುಡ್ಡಿನ ಬದಲು ಎರಡು ಸಿಟ್ಟಿಂಗ್ ಫ್ರೀ ಕೊಡುತ್ತೇವೆ ಅಂದರು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಕಾನೂನು ಗೊತ್ತಿರಲಿ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಅಂತ 1954ರಿಂದಲೇ ಇದೆ. ಇಂಥಿಂಥ ಕಾಯಿಲೆ ವಾಸಿ ಮಾಡುವ ಔಷಧ ಅಂತ ಜಾಹೀರಾತು ಹಾಕಬಾರದು ಅನ್ನುವ ಪಟ್ಟಿ ಅದರಲ್ಲಿದೆ. ಮುಟ್ಟಿನ ತೊಂದರೆ, ಗರ್ಭಕೋಶದ ಕಾಯಿಲೆ, ಹೆಂಗಸರ ಬಂಜೆತನ ಮೂರೂ ಆ ಪಟ್ಟಿಯಲ್ಲಿವೆ. ಸೇವೆಯಲ್ಲಿ ಲೋಪ ಅಂತ ಜಿಲ್ಲಾ ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬಹುದು. ಹೇಗೆ ಅಂತ ಗೊತ್ತಿಲ್ಲದಿದ್ದರೆ ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೂ ಒಂದು ಪ್ರತಿ ಕೊಡಿ.

ಆದರೆ ಸ್ಕ್ರೀನ್‌ಶಾಟ್ ಮೊದಲು, ಜಗಳ ಆಮೇಲೆ. ನಾನು ದೂರು ಅನ್ನುವ ಪದ ಬಳಸಿದ ಆ ಸಂಜೆಯೇ ಅವರ ಕಡೆಯ ಮೆಸೇಜ್‌ಗಳು ಒಂದೊಂದಾಗಿ ಅಳಿಸಿ ಹೋಗತೊಡಗಿದವು. ಗೆಳತಿಗೆ ತೋರಿಸಲು ಕೆಲವನ್ನು ಫೋಟೋ ತೆಗೆದಿಟ್ಟಿದ್ದೆ, ಬಿಲ್ಲೂ ಇತ್ತು, ಆಸ್ಪತ್ರೆಯ ಚೀಟಿಯಲ್ಲಿ ‘ಹಬೆಯಿಂದ ಸುಟ್ಟ ಗಾಯ’ ಅಂತ ಡಾಕ್ಟರ್ ತಾವಾಗೇ ಬರೆದಿದ್ದರು. ನೀವೂ ಡಾಕ್ಟರ್ ಹತ್ತಿರ ಏನಾಯಿತು ಅಂತ ಇದ್ದದ್ದು ಇದ್ದ ಹಾಗೆ ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ‘ಬಿಸಿನೀರು ಚೆಲ್ಲಿತು’ ಅಂತ ನಾಚಿಕೆಗೆ ಸುಳ್ಳು ಹೇಳಿಬಿಟ್ಟರೆ ಆಯೋಗದ ಮುಂದೆ ಇಡಲು ಕೈಯಲ್ಲಿ ಏನೂ ಉಳಿಯುವುದಿಲ್ಲ.