12, 14 ಹೋಗಿ 30, 34 ಬಂದರೆ: ದೂರದ ಸವಾರಿಗೆ ಶಿಮಾನೊ 11-34 ಕ್ಯಾಸೆಟ್

ಕಡಿದಾದ ಏರು 200 ಕಿ.ಮೀ. ಸವಾರಿಯ ಮೊದಲ 30 ಕಿ.ಮೀ.ನಲ್ಲೇ ಸಿಕ್ಕರೆ ಯಾವ ಗೇರಿದ್ದರೂ ಹೇಗೋ ಹತ್ತಿಬಿಡಬಹುದು. ಅದೇ ಏರು 150 ಕಿ.ಮೀ. ತುಳಿದಾದ ಮೇಲೆ ಎದುರಾದಾಗ ಹಿಂಚಕ್ರದ ಕೊನೆಯ ಎರಡು ಸ್ಪ್ರಾಕೆಟ್‌ಗಳೇ (ಹಲ್ಲುಚಕ್ರಗಳೇ) ಎಲ್ಲವನ್ನೂ ನಿರ್ಧರಿಸುತ್ತವೆ. ಶಿಮಾನೊ ಸಿಎಸ್-ಎಚ್‌ಜಿ700, 11 ಹಲ್ಲಿನಿಂದ 34 ಹಲ್ಲಿನವರೆಗಿನ 11 ಸ್ಪ್ರಾಕೆಟ್‌ಗಳ ಗೊಂಚಲು (11 ಸ್ಪೀಡಿನ 11-34 ಕ್ಯಾಸೆಟ್), ಇಂಥ ಸವಾರಿಗೇ ಹೇಳಿ ಮಾಡಿಸಿದ್ದು. ರೋಡ್ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ 11-28ರ ಬದಲಿಗೆ ಇದನ್ನು ಹಾಕಿದರೆ ಏನು ಸಿಗುತ್ತದೆ, ಏನು ಕೈಬಿಡುತ್ತದೆ ಅನ್ನುವುದೇ ಮುಖ್ಯ ಪ್ರಶ್ನೆ.

"ಗೇರುಗಳ ನಡುವೆ ಅಂತರ ಜಾಸ್ತಿ, ಸಪಾಟು ರಸ್ತೆಯಲ್ಲಿ ಕಾಲಿಗೆ ಹೊಂದುವುದಿಲ್ಲ" ಎಂಬ ದೂರು ಇದರ ಮೇಲೆ ಯಾವಾಗಲೂ ಇದೆ. ಹಲ್ಲುಗಳನ್ನು ಎಣಿಸಿದರೆ ಆ ದೂರು ಅಷ್ಟು ನಿಲ್ಲುವುದಿಲ್ಲ. 11-28ರಲ್ಲಿ ಇರುವುದು 11, 12, 13, 14, 15, 17, 19, 21, 23, 25, 28. 11-34ರಲ್ಲಿ 11, 13, 15, 17, 19, 21, 23, 25, 27, 30, 34. ಅಂದರೆ 15ರಿಂದ 25ರವರೆಗೆ ಎರಡೂ ಒಂದೇ! ಹೋದದ್ದು 12 ಮತ್ತು 14 ಮಾತ್ರ. ಮುಂದೆ ಪೆಡಲಿನ ಬಳಿ 50 ಹಲ್ಲಿನ ಚೈನ್‌ರಿಂಗ್, 28 ಮಿ.ಮೀ. ಟೈರು, ಪೆಡಲಿಗೆ ನಿಮಿಷಕ್ಕೆ 85 ಸುತ್ತು ಇಟ್ಟುಕೊಂಡರೆ ವೇಗ 21ರಲ್ಲಿ ಗಂಟೆಗೆ 26 ಕಿ.ಮೀ., 19ರಲ್ಲಿ ಸುಮಾರು 29, 17ರಲ್ಲಿ 32, 15ರಲ್ಲಿ 36. ಅಂತರ ಕಾಲಿಗೆ ಗೊತ್ತಾಗುವುದು 36 ದಾಟಿದ ಮೇಲೆ. ರೇಸಿಗೆ ಹೋಗುವವರಿಗೆ ಅದು ನಿಜವಾದ ನಷ್ಟ. ದಿನವಿಡೀ ತುಳಿಯುವವರು ಆ ವೇಗದಲ್ಲಿ ಇರುವುದು ಹೆಚ್ಚಾಗಿ ಇಳಿಜಾರಿನಲ್ಲಿ.

ಈಗ ಏರಿನ ಲೆಕ್ಕ. ಸವಾರ, ಸೈಕಲ್ಲು, ಚೀಲ ಎಲ್ಲ ಸೇರಿ 85 ಕೆ.ಜಿ., ಏರು ಶೇ 8, ಮುಂದೆ 34ರ ಚೈನ್‌ರಿಂಗ್ ಅಂದುಕೊಳ್ಳಿ. ನಿಮಿಷಕ್ಕೆ 60 ಸುತ್ತು ಉಳಿಸಿಕೊಳ್ಳಬೇಕಾದರೆ 28ರಲ್ಲಿ ಗಂಟೆಗೆ 9.3 ಕಿ.ಮೀ. ವೇಗ ಬೇಕು, ಅದಕ್ಕೆ ಸುಮಾರು 185 ವ್ಯಾಟ್ ಶಕ್ತಿ. 34ರಲ್ಲಿ ಅದೇ ಸುತ್ತಿಗೆ 7.7 ಕಿ.ಮೀ., ಸುಮಾರು 155 ವ್ಯಾಟ್. ದಣಿದ ಕಾಲಿನಲ್ಲಿ 185 ವ್ಯಾಟ್ ಹೊರಡದಿದ್ದರೆ 28ರವರ ಸುತ್ತು 50ಕ್ಕೆ ಇಳಿಯುತ್ತದೆ, ಪ್ರತಿ ತುಳಿತದ ಭಾರವೆಲ್ಲ ಮಂಡಿಗೆ ಬೀಳುತ್ತದೆ. ಹಾಗಂತ ನಿಧಾನವಾದರೆ ಸಮಯ ಮೀರುತ್ತದಾ? 10 ಕಿ.ಮೀ. ಏರಿಗೆ 64 ನಿಮಿಷದ ಬದಲು 78 ನಿಮಿಷ ಹಿಡಿಯುತ್ತದೆ. 200 ಕಿ.ಮೀ. ಬ್ರೆವೆಗೆ (ಸಮಯಮಿತಿಯ ದೂರದ ಸವಾರಿಗೆ) ಇರುವ 13 ಗಂಟೆ 30 ನಿಮಿಷದಲ್ಲಿ ಆ 14 ನಿಮಿಷ ದೊಡ್ಡದಲ್ಲ, ಉಳಿದ ದಾರಿಗೆ ಮಂಡಿ ಉಳಿಯುವುದೇ ದೊಡ್ಡದು.

ಜೋಡಿಸುವಾಗ ಜನ ಎಡವುವ ಮೊದಲ ಜಾಗ ಸ್ಪೇಸರ್, ಅಂದರೆ ಕ್ಯಾಸೆಟ್ಟಿನ ಹಿಂದೆ ಕೂರುವ ತೆಳು ಬಳೆ. 34ರ ಸ್ಪ್ರಾಕೆಟ್ ದೊಡ್ಡದಾದ್ದರಿಂದ ಅದನ್ನು ಸ್ವಲ್ಪ ಕಡ್ಡಿಗಳ ಕಡೆಗೆ ಚಾಚಿ ಕೂರಿಸಿದ್ದಾರೆ, ಹಾಗಾಗಿ ಈ ಕ್ಯಾಸೆಟ್ ಹಳೆಯ 10 ಸ್ಪೀಡಿನ ಹಬ್ಬಿಗೂ (ಚಕ್ರದ ನಡುಗುಂಬಕ್ಕೂ) ಕೂರುತ್ತದೆ. 11 ಸ್ಪೀಡಿನ ರೋಡ್ ಹಬ್ಬಿಗಾದರೆ ಹಿಂದೆ 1.85 ಮಿ.ಮೀ. ಸ್ಪೇಸರ್ ಹಾಕಲೇಬೇಕು. ಮರೆತರೆ ಕ್ಯಾಸೆಟ್ಟನ್ನು ಹಿಡಿದಿಡುವ ಲಾಕ್‌ರಿಂಗ್ ಪೂರ್ತಿ ಬಿಗಿದರೂ ಸ್ಪ್ರಾಕೆಟ್‌ಗಳು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಲಟಲಟ ಅನ್ನುತ್ತವೆ. ಗೇರು ಎಷ್ಟು ಹೊಂದಿಸಿದರೂ ಆಮೇಲೆ ನಿಲ್ಲುವುದಿಲ್ಲ. ಲಾಕ್‌ರಿಂಗಿಗೆ 40 ನ್ಯೂಟನ್ ಮೀಟರ್ ಬಿಗಿತ ಸರಿ.

ಎರಡನೆಯದು ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಹಿಂದಿನ ಡಿರೈಲರ್, ಇಲ್ಲಿ ಉಳಿತಾಯ ಮಾಡಬೇಡಿ. ಶಿಮಾನೊ 105ರ ಆರ್7000 ಸರಣಿಯಲ್ಲಿ ಚಿಕ್ಕ ಕೇಜಿನ (ಚೈನು ಹಾಯುವ ತೋಳಿನ) ಎಸ್‌ಎಸ್ ಮಾದರಿಗೆ ಗರಿಷ್ಠ 30 ಹಲ್ಲು. 34ಕ್ಕೆ ಉದ್ದ ಕೇಜಿನ ಜಿಎಸ್ ಬೇಕು. ಅದರ ಒಟ್ಟು ಸಾಮರ್ಥ್ಯ 39 ಹಲ್ಲು. ಮುಂದೆ 50-34ರ ವ್ಯತ್ಯಾಸ 16, ಹಿಂದೆ 34-11ರದು 23, ಕೂಡಿದರೆ ಸರಿಯಾಗಿ 39. ಒಂದು ಹಲ್ಲೂ ಮಿಗುವುದಿಲ್ಲ, ಆದ್ದರಿಂದ ಚೈನಿನ ಉದ್ದ ಕರಾರುವಾಕ್ಕಾಗಿ ಇರಬೇಕು.

28ಕ್ಕೆ ಅಳತೆ ಮಾಡಿ ಕತ್ತರಿಸಿದ ಹಳೆ ಚೈನು ಇದಕ್ಕೆ ಸುಮಾರು 3 ಕೊಂಡಿ ಕಡಿಮೆ ಬೀಳುತ್ತದೆ. ಅದನ್ನೇ ಇಟ್ಟುಕೊಂಡು ಏರಿನ ಬುಡದಲ್ಲಿ ಮುಂದೆ 50 ಇದ್ದಾಗಲೇ ಹಿಂದೆ 34ಕ್ಕೆ ಹಾಕಿದರೆ ಚೈನು ಬಿಲ್ಲಿನ ಹೆದೆಯಂತೆ ಸೆಟೆದು ಡಿರೈಲರ್ ತೂಗುವ ಹ್ಯಾಂಗರ್ ಮುರಿಯುತ್ತದೆ. ಸವಾರಿ ಅಲ್ಲಿಗೇ ಮುಗಿಯಿತು. ಹೊಸ ಚೈನನ್ನು ಡಿರೈಲರಿಗೆ ಪೋಣಿಸದೆ ಮುಂದಿನ ದೊಡ್ಡದು, ಹಿಂದಿನ ದೊಡ್ಡದು ಎರಡನ್ನೂ ಬಳಸಿ ಸುತ್ತಿ, ತುದಿ ಸೇರುವ ಜಾಗದಿಂದ 2 ಕೊಂಡಿ ಹೆಚ್ಚಿಟ್ಟು ಕತ್ತರಿಸಿ. ಒಳಕೊಂಡಿ, ಹೊರಕೊಂಡಿ ಹೊಂದಿಕೆಯಾಗದಿದ್ದರೆ 3.

ಆಮೇಲೆ ಡಿರೈಲರನ್ನು ಸ್ಪ್ರಾಕೆಟ್ಟಿಗೆ ಹತ್ತಿರ, ದೂರ ಮಾಡುವ ಬಿ-ಸ್ಕ್ರೂ. ಮುಂದೆ ಚಿಕ್ಕದು, ಹಿಂದೆ 34ಕ್ಕೆ ಹಾಕಿ ಪೆಡಲನ್ನು ಹಿಂದಕ್ಕೆ ತಿರುಗಿಸಿ. ಕರಕರ ಸದ್ದು ಬಂದರೆ ಡಿರೈಲರಿನ ಮೇಲಿನ ಪುಲಿ (ಚಿಕ್ಕ ಗಾಲಿ) ಸ್ಪ್ರಾಕೆಟ್ಟಿನ ಹಲ್ಲಿಗೆ ತಾಗುತ್ತಿದೆ ಎಂದರ್ಥ, ನಡುವೆ 5-6 ಮಿ.ಮೀ. ಜಾಗ ಬಿಡಿ. ಅಗತ್ಯಕ್ಕಿಂತ ದೂರ ಸರಿಸಿದರೆ ಚಿಕ್ಕ ಸ್ಪ್ರಾಕೆಟ್‌ಗಳ ಕಡೆ ಶಿಫ್ಟಿಂಗ್ ಮಂದವಾಗುತ್ತದೆ. ಚೈನು ಒಳಕ್ಕೆ ಮಿತಿಮೀರಿ ಸರಿಯದಂತೆ ತಡೆಯುವ ಎಲ್-ಸ್ಕ್ರೂವನ್ನೂ ಹೊಸದಾಗಿ ಹೊಂದಿಸಲೇಬೇಕು. 34ರಿಂದ ಚೈನು ಒಳಕ್ಕೆ ಜಾರಿದರೆ ಸಿಗುವುದು ಕಡ್ಡಿಗಳೇ. ಹಾಗೇ ಶಿಫ್ಟರಿನೊಳಗೆ ಕೇಬಲ್ಲಿನ ಎಳೆ ಬಿಟ್ಟುಕೊಳ್ಳುವುದು ಈ ಪೀಳಿಗೆಯ ಲಿವರ್‌ಗಳಲ್ಲಿ ಪರಿಚಿತ ತೊಂದರೆ. ಶಿಫ್ಟಿಂಗ್ ತಡವರಿಸತೊಡಗಿದರೆ ಹೊಂದಿಸುತ್ತಾ ಕೂರದೆ ಒಳಕೇಬಲ್ ಬದಲಿಸಿ.

ಏರಿನಲ್ಲಿ ಇದು ಹೇಗೆ ನಡೆದುಕೊಳ್ಳುತ್ತದೆ? 27ರಿಂದ 30, 30ರಿಂದ 34 ಸುಮಾರು ಶೇ 11 ಮತ್ತು 13ರ ಹೆಜ್ಜೆಗಳು, ಸುತ್ತು ತಟ್ಟನೆ ಬದಲಾಗುವುದು ಗೊತ್ತಾಗುತ್ತದೆ, ಆದರೆ ಏರಿನಲ್ಲಿ ಬೇಕಾಗುವುದೂ ಅಷ್ಟೇ. ಮುಂದಿನ ಚೈನ್‌ರಿಂಗನ್ನು ಮಾತ್ರ ಕಾಲಿಗೆ ಭಾರ ಬೀಳುವ ಮೊದಲೇ ಇಳಿಸಿ. 50ರ ಜೊತೆ 23ರಲ್ಲಿದ್ದರೆ ಮುಂದೆ 34ಕ್ಕೆ ಇಳಿಸಿದ ಕೂಡಲೇ ಹಿಂದೆ ಮೂರು ಹೆಜ್ಜೆ ಚಿಕ್ಕದಕ್ಕೆ, ಅಂದರೆ 17ಕ್ಕೆ ಬನ್ನಿ. ಇಲ್ಲದಿದ್ದರೆ ಕಾಲು ಗಾಳಿಯಲ್ಲಿ ತಿರುಗಿದಂತಾಗಿ ವೇಗ ಬಿದ್ದುಹೋಗುತ್ತದೆ.

11-28ಕ್ಕಿಂತ ತೂಕ ಸುಮಾರು 100 ಗ್ರಾಂ ಹೆಚ್ಚು, ಅರ್ಧ ಲೋಟ ನೀರಿನಷ್ಟು.

ಚೀಲಗಳನ್ನು ಹೊತ್ತು ಶೇ 12 ದಾಟುವ ಏರುಗಳನ್ನು ಹತ್ತುವವರಿಗೆ ಇದೂ ಸಾಲದು. ಶೇ 12ರಲ್ಲಿ ಅದೇ 60 ಸುತ್ತಿಗೆ 225 ವ್ಯಾಟ್ ಬೇಕಾಗುತ್ತದೆ. ಅಂಥವರು ಇದೇ ಕ್ಯಾಸೆಟ್ಟಿನ ಜೊತೆ ಶಿಮಾನೊದ ಜಲ್ಲಿರಸ್ತೆ ಸರಣಿ ಜಿಆರ್‌ಎಕ್ಸ್‌ನ 46-30 ಕ್ರ್ಯಾಂಕ್ (46, 30 ಹಲ್ಲಿನ ಚೈನ್‌ರಿಂಗ್ ಜೋಡಿ) ನೋಡಲಿ. ಒಟ್ಟು ಲೆಕ್ಕ ಆಗಲೂ 39ರಲ್ಲೇ ನಿಲ್ಲುತ್ತದೆ, 60 ಸುತ್ತಿಗೆ ವೇಗ 6.8ಕ್ಕೆ ಇಳಿಯುತ್ತದೆ. ಆದರೆ ಆ ಕ್ರ್ಯಾಂಕಿನ ಚೈನ್‌ಲೈನ್ (ಚೈನು ಹಾಯುವ ಗೆರೆ) 2.5 ಮಿ.ಮೀ. ಹೊರಗಿರುವುದರಿಂದ ಮುಂದಿನ ಡಿರೈಲರ್ ಕೂಡ ಜಿಆರ್‌ಎಕ್ಸ್‌ನದೇ ಆಗಬೇಕು, ಆ ಖರ್ಚನ್ನೂ ಮೊದಲೇ ಸೇರಿಸಿಕೊಳ್ಳಿ.