ಅಲ್ಟಿಮೇಟ್ ಟೀಮ್: ಎರಡು ವರ್ಷ ಆಡಿದ ಮೇಲೆ, ಚಿಕ್ಕಮಗಳೂರಿನಿಂದ

ಇಎ ಸ್ಪೋರ್ಟ್ಸ್‌ನವರ ‘ಎಫ್‌ಸಿ’ ಅನ್ನೋ ಫುಟ್‌ಬಾಲ್ ವಿಡಿಯೋ ಗೇಮ್‌ನ ಗ್ರಾಫಿಕ್ಸ್ ಹೇಗಿದೆ, ಎಷ್ಟು ಲೀಗ್ ಇದೆ, ಹುಲ್ಲು ಎಷ್ಟು ನಿಜವಾಗಿ ಕಾಣುತ್ತದೆ ಅನ್ನೋದೆಲ್ಲ ಇಲ್ಲಿ ಸಿಗುವುದಿಲ್ಲ. ಅದನ್ನು ನೀವು ಯೂಟ್ಯೂಬ್‌ನಲ್ಲಿ ಆಗಲೇ ನೋಡಿರುತ್ತೀರಿ. ನನ್ನ ಹತ್ತಿರ ಇರುವುದು ಸೆಕೆಂಡ್‌ಹ್ಯಾಂಡ್ ಪಿಎಸ್4, ಅಂದರೆ ಪ್ಲೇಸ್ಟೇಷನ್ 4. ಅದರಲ್ಲಿ 2023ರ ನವೆಂಬರಿನಿಂದ ಎಫ್‌ಸಿ 24 ಆಡಿದೆ, ಆಮೇಲೆ ಎಫ್‌ಸಿ 25. ಆಡಿದ್ದರಲ್ಲಿ ಮುಕ್ಕಾಲು ಪಾಲು ಅಲ್ಟಿಮೇಟ್ ಟೀಮ್ ಒಂದೇ. ಆಟಗಾರರ ಕಾರ್ಡ್ ಕೂಡಿಸಿ ನಮ್ಮದೇ ತಂಡ ಕಟ್ಟುವ ಆಟ ಅದು.

ನಾನು ಎರಡೂ ಸಲ ಗೇಮ್ ಕೊಂಡಿದ್ದು ಬಿಡುಗಡೆಯಾದ ಸೆಪ್ಟೆಂಬರಿನಲ್ಲಿ ಅಲ್ಲ, ನವೆಂಬರ್ ಕಡೆಯ ರಿಯಾಯಿತಿಯಲ್ಲಿ. ಪ್ಯಾಕ್ (ಒಳಗೆ ಯಾವ ಕಾರ್ಡ್ ಇದೆ ಅಂತ ಒಡೆಯುವ ತನಕ ಗೊತ್ತಾಗದ ಕಟ್ಟು) ಒಡೆಯಲು ನಿಜವಾದ ದುಡ್ಡು ಕೊಟ್ಟು ಪಾಯಿಂಟ್ಸ್ ಕೊಂಡಿದ್ದು ಸೊನ್ನೆ. ನನಗೆ ಬರುವ ಸಂಬಳದಲ್ಲಿ ಅದಕ್ಕೆ ಜಾಗ ಇಲ್ಲ. ಹಾಗಾಗಿ ಎಂಬಪೆ, ಹಾಲಂಡ್ ಥರದ ದುಬಾರಿ ಕಾರ್ಡ್ ಇಟ್ಟುಕೊಂಡು ಆಡುವವರಿಗೆ ಈ ಬರಹ ಅಷ್ಟು ಉಪಯೋಗಕ್ಕೆ ಬರಲಿಕ್ಕಿಲ್ಲ. ಕೈಯಲ್ಲಿ ಕಾಯಿನ್ (ಆಟದೊಳಗಿನ ದುಡ್ಡು) ಕಮ್ಮಿ, ತಾಳ್ಮೆ ಜಾಸ್ತಿ ಇರುವವರಿಗೆ ಬರುತ್ತದೆ.

ನನ್ನನ್ನು ಎರಡು ವರ್ಷ ಹಿಡಿದಿಟ್ಟಿದ್ದು ಮ್ಯಾಚ್ ಅಲ್ಲ. ಕೆಮಿಸ್ಟ್ರಿ. ಅಂದರೆ ಒಂದೇ ಕ್ಲಬ್, ದೇಶ, ಲೀಗ್‌ನವರನ್ನು ಕೂಡಿಸಿದ್ದಕ್ಕೆ ಸಿಗುವ ಅಂಕ.

ಎಫ್‌ಸಿ 24ಕ್ಕೆ ಮುಂಚೆ ಈ ಗೇಮ್‌ನ ಹೆಸರು ಫಿಫಾ. ಫಿಫಾ 22ರವರೆಗೆ ಕಾರ್ಡುಗಳ ನಡುವೆ ಹಸಿರು, ಕಿತ್ತಳೆ, ಕೆಂಪು ಗೆರೆ ಇರುತ್ತಿದ್ದವು. ಪಕ್ಕದಲ್ಲಿ ನಿಂತವರಿಗೆ ಹೊಂದಾಣಿಕೆ ಇರಬೇಕಿತ್ತು. ಫಿಫಾ 23ರಿಂದ ಗೆರೆ ಹೋಯಿತು. ಈಗ ಒಬ್ಬ ಆಟಗಾರನಿಗೆ ಹೆಚ್ಚೆಂದರೆ 3 ಅಂಕ, ಹನ್ನೊಂದು ಜನಕ್ಕೆ 33. ಒಂದೇ ಕ್ಲಬ್‌ನವರು ಇಬ್ಬರಿದ್ದರೆ 1, ನಾಲ್ವರಿದ್ದರೆ 2, ಏಳು ಜನ ಇದ್ದರೆ 3. ದೇಶಕ್ಕೆ ಲೆಕ್ಕ 2, 5, 8. ಲೀಗ್‌ಗೆ 3, 5, 8. ಅವರವರ ಸ್ಥಾನದಲ್ಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಆ ಕಾರ್ಡಿಗೆ ಏನೂ ಇಲ್ಲ. ನಿಯಮ ಇಷ್ಟೇ. ಆದರೆ ಒಂದು ಕಾರ್ಡ್ ತೆಗೆದು ಇನ್ನೊಂದು ಹಾಕಿದರೆ ಆ ಕಡೆ ಇಬ್ಬರಿಗೆ ಅಂಕ ಇಳಿಯುತ್ತದೆ, ಈ ಕಡೆ ಒಬ್ಬನಿಗೆ ಏರುತ್ತದೆ. 31ಕ್ಕೆ ಬಂದು ನಿಂತಿರುತ್ತದೆ. ಇನ್ನೆರಡು ಎಲ್ಲಿಂದ ತರೋದು? ಊಟಕ್ಕೆ ಕೂತಾಗಲೂ ಅದೇ ಲೆಕ್ಕ ತಲೆಯಲ್ಲಿ ಓಡುತ್ತಿರುತ್ತದೆ.

ನನ್ನ ಕೆಲಸ ಕಾಫಿ ಕ್ಯೂರಿಂಗ್‌ನಲ್ಲಿ, ಗ್ರೇಡಿಂಗ್ ಕಡೆ. ದಿನವಿಡೀ ಜರಡಿ ಹಿಡಿದ ಬೀಜ ನೋಡುತ್ತೇನೆ. ಎ, ಬಿ, ಸಿ, ಪೀಬೆರಿ. ಎ ಅಂದರೆ ಬೀಜ ದಪ್ಪ ಅಂತ ಅರ್ಥ, ಲೋಟದಲ್ಲಿ ಅದೇ ರುಚಿಯಾಗಿರಬೇಕು ಅಂತೇನಿಲ್ಲ. ಈ ಕಾರ್ಡುಗಳನ್ನು ನೋಡುವಾಗಲೂ ಅದೇ ಕಣ್ಣು ಕೆಲಸಕ್ಕೆ ಬಂತು. ಮೇಲಿನ ಮೂಲೆಯಲ್ಲಿ ದೊಡ್ಡದಾಗಿ ಬರೆದ ಅಂಕ ನೋಡಿ ಎಲ್ಲರೂ ಕೊಳ್ಳುತ್ತಾರೆ. ಅದು 75 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗೋಲ್ಡ್, 65ರಿಂದ 74ರವರೆಗೆ ಸಿಲ್ವರ್, ಅದಕ್ಕಿಂತ ಕೆಳಗೆ ಬ್ರಾಂಜ್. ನಾನು ನೋಡುವುದು ಕೆಳಗಿನ ಆರು ಅಂಕ: ವೇಗ, ಶಾಟ್, ಪಾಸ್, ಡ್ರಿಬಲ್, ಡಿಫೆಂಡಿಂಗ್, ಮೈಕಟ್ಟು. ವೇಗ 85 ಇರುವ ಸಿಲ್ವರ್ ವಿಂಗರ್ ಕೆಲವು ನೂರು ಕಾಯಿನ್‌ಗೆ ಸಿಗುತ್ತಾನೆ. ಮೊದಲ ಎರಡು ತಿಂಗಳು ನನ್ನ ತಂಡ ನಿಂತಿದ್ದೇ ಅಂಥವರ ಮೇಲೆ.

ಒಂದು ದಿನ ಆಟಗಾರರು ಕಾರ್ಡ್ ಕೊಂಡು ಮಾರುವ ಮಾರ್ಕೆಟ್‌ನಲ್ಲಿ ಲೀಗ್‌ಗಳ ಪಟ್ಟಿ ಕೆಳಗೆ ಇಳಿಸುತ್ತಾ ಹೋದಾಗ ಇಂಡಿಯನ್ ಸೂಪರ್ ಲೀಗ್ ಕಂಡಿತು. ಫಿಫಾ 22ರಿಂದಲೇ ಅದು ಆಟದಲ್ಲಿತ್ತು, ನನಗೆ ಗೊತ್ತಿತ್ತು. ಆದರೆ ಅದರ ಕಾರ್ಡ್‌ಗಳಲ್ಲೇ ತಂಡ ಕಟ್ಟಬಹುದು ಅಂತ ಹೊಳೆದಿರಲಿಲ್ಲ. ಬೆಂಗಳೂರು ಎಫ್‌ಸಿ ಅಂತ ಹಾಕಿ ಹುಡುಕಿದೆ. ಆ ನೀಲಿ ಕ್ಲಬ್‌ನ ಲಾಂಛನ, ಪಕ್ಕದಲ್ಲಿ ನಮ್ಮ ಬಾವುಟ, ಕೆಳಗೆ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಮೇಲಿನ ಸ್ಟ್ಯಾಂಡ್‌ನಲ್ಲಿ ಕೂತು ನೋಡಿದ್ದ ಮನುಷ್ಯ. ಅದೇ ಕ್ಷಣ ತೀರ್ಮಾನ ಆಯಿತು. ಏಳು ಜನ ಬೆಂಗಳೂರು ಎಫ್‌ಸಿಯವರು, ಉಳಿದ ನಾಲ್ವರು ಅದೇ ಲೀಗ್‌ನ ಭಾರತದವರು. ಲೆಕ್ಕ ಹಾಕಿ ನೋಡಿ, 33 ಪೂರ್ತಿ ಬರುತ್ತದೆ.

ಆದರೆ ಕಾರ್ಡ್ ಸಿಗಬೇಕಲ್ವಾ? ದುಬಾರಿ ಅಂತಲ್ಲ, ಮಾರ್ಕೆಟ್‌ಗೇ ಬರುವುದಿಲ್ಲ. ಪ್ಯಾಕ್‌ನಲ್ಲಿ ಬ್ರಾಂಜ್ ಬಂದರೆ ಹೆಚ್ಚಿನವರು ಮಾರಾಟಕ್ಕೆ ಹಾಕುವ ಗೋಜಿಗೇ ಹೋಗುವುದಿಲ್ಲ, ಅಲ್ಲೇ ಕ್ವಿಕ್ ಸೆಲ್ ಮಾಡಿ, ಅಂದರೆ ಗೇಮ್‌ಗೇ ಚಿಲ್ಲರೆ ಕಾಯಿನ್‌ಗೆ ಕೊಟ್ಟು, ಕೈ ತೊಳೆದುಕೊಳ್ಳುತ್ತಾರೆ. ಕ್ರಿಸ್ಟಿಯಾನೊ ರೊನಾಲ್ಡೊನ ಕಾರ್ಡ್ ಯಾವಾಗ ಬೇಕಾದರೂ ಸಿಗುತ್ತದೆ. ಬೆಂಗಳೂರು ಎಫ್‌ಸಿಯ ರೋಷನ್ ಸಿಂಗ್ ಬೇಕು ಅಂದರೆ ಕಾಯಬೇಕು.

ಹಾಗೆ ಶುರುವಾದದ್ದು ನನ್ನ ಬೆಳಗಿನ ಅಭ್ಯಾಸ. ಆರೂವರೆಗೆ ಎದ್ದು ಫಿಲ್ಟರ್‌ಗೆ ಪುಡಿ ಹಾಕುತ್ತೇನೆ. ನಮ್ಮ ಮನೆಯಲ್ಲಿ ಚಿಕೋರಿ ಇಲ್ಲ, ಅದಕ್ಕೆ ಡಿಕಾಕ್ಷನ್ ಬೇಗ ಇಳಿಯುತ್ತದೆ. ಬಿಸಿನೀರು ಸುರಿದು, ಮುಚ್ಚಳ ಮುಚ್ಚಿ, ಅಡುಗೆಮನೆ ಕಟ್ಟೆಗೆ ಒರಗಿ ಮೊಬೈಲ್ ತೆಗೆಯುತ್ತೇನೆ. ಗೇಮ್‌ನವರದೇ ಕಂಪ್ಯಾನಿಯನ್ ಆ್ಯಪ್. ಪಿಎಸ್4 ಹಾಕುವುದೇ ಬೇಡ, ಮಾರ್ಕೆಟ್ ಪೂರ್ತಿ ಅದರಲ್ಲೇ ಇದೆ. ಲೀಗ್ ಆರಿಸು, ಕ್ಲಬ್ ಆರಿಸು, ಗರಿಷ್ಠ ಬೆಲೆ ಹಾಕು, ಹುಡುಕು. ಖಾಲಿ. ಬೆಲೆ ಸ್ವಲ್ಪ ಏರಿಸು, ಮತ್ತೆ ಹುಡುಕು. ಖಾಲಿ. ಡಿಕಾಕ್ಷನ್ ತೊಟ್ಟಿಕ್ಕುವ ಸದ್ದು ನಿಲ್ಲುವಷ್ಟರಲ್ಲಿ ಏಳೆಂಟು ಸಲ ಹುಡುಕಿರುತ್ತೇನೆ. ಒಂದು ಮಂಜಿನ ಬೆಳಿಗ್ಗೆ, ಕಿಟಕಿಯಿಂದ ಬೆಟ್ಟದ ಸಾಲು ಕಾಣದಂಥ ದಿನ, ಸುರೇಶ್ ಸಿಂಗ್ ವಾಂಗ್ಜಮ್ ಬಂದ. ಹಾಲು ಉಕ್ಕಿತು. ಮೊದಲು ಕಾರ್ಡ್ ಕೊಂಡೆ, ಆಮೇಲೆ ಒಲೆ ಆರಿಸಿದೆ. ಅಮ್ಮ ಬೈದಳು, ಸರಿಯಾಗಿಯೇ ಬೈದಳು.

ಹನ್ನೊಂದು ಜನ ಕೂಡಲು ಐದು ವಾರ ಬೇಕಾಯಿತು. ಕಾಯಿನ್ ಬಂದದ್ದು 400ರ ಬ್ರಾಂಜ್ ಪ್ಯಾಕ್‌ಗಳಿಂದ. ಒಡೆಯುವುದು, ಬಂದದ್ದನ್ನು ಒಂದೊಂದಾಗಿ ಮಾರುವುದು. ಮಾರಿದ್ದರಲ್ಲಿ 5% ಕಡಿತ ಆಗುತ್ತದೆ. 1,000ಕ್ಕೆ ಹೋದರೆ ಕೈಗೆ 950. ಹೊಸಬರು ಇದನ್ನು ಮರೆತು ಲಾಭ ಬಂತು ಅಂದುಕೊಳ್ಳುತ್ತಾರೆ. ಕೊಳ್ಳುವ ಮೊದಲೇ ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ಕೊನೆಗೆ ಬಂದವರು ಸುನಿಲ್ ಛೆಟ್ರಿ. ವಯಸ್ಸಾದ ಆಟಗಾರರಿಗೆ ಈ ಗೇಮ್ ವೇಗ ಕೊಡುವುದಿಲ್ಲ. ಚೆಂಡು ಹಿಡಿದು ಓಡಿದರೆ ಹಿಂದಿನಿಂದ ಬಂದ ಡಿಫೆಂಡರ್ ಆರಾಮಾಗಿ ಕಸಿದುಕೊಂಡು ಹೋಗುತ್ತಿದ್ದ. ಅಲ್ಲಿ ನೆರವಿಗೆ ಬಂದಿದ್ದು ಎಫ್‌ಸಿ 24ರಲ್ಲೇ ಮೊದಲು ಬಂದ ಇವಲ್ಯೂಷನ್. ಒಂದು ಕಾರ್ಡ್ ಆರಿಸಿಕೊಂಡು, ಹೇಳಿದಷ್ಟು ಮ್ಯಾಚ್ ಆಡಿ, ಗೋಲು ಹೊಡೆದು, ಅದನ್ನು ಮೇಲಕ್ಕೆ ತರಬಹುದು. ಪ್ರತಿಯೊಂದಕ್ಕೂ ಷರತ್ತು ಇರುತ್ತದೆ, ಒಟ್ಟು ಅಂಕ ಇಷ್ಟು ಮೀರಬಾರದು, ವೇಗ ಇಷ್ಟು ಮೀರಬಾರದು ಅಂತ. ಹಾಗೆ ಬೆಳೆಸಿದ ಕಾರ್ಡನ್ನು ಮತ್ತೆ ಮಾರುವ ಹಾಗಿಲ್ಲ. ಅದೇ ನನಗೆ ಬಹಳ ಹಿಡಿಸಿತು. ಬಾಕಿ ಎಲ್ಲ ಕಾರ್ಡಿಗೂ ಬೆಲೆ ಇದೆ, ಇದಕ್ಕೆ ಇಲ್ಲ. ಛೆಟ್ರಿಯವರನ್ನು ಎರಡು ಸಲ ಹಾಗೆ ಬೆಳೆಸಿದೆ. ಕ್ರಾಸ್ ಬಂದಾಗ ತನಗಿಂತ ಅರ್ಧ ಅಡಿ ಎತ್ತರದ ಡಿಫೆಂಡರ್ ಮೇಲೆ ಹಾರಿ ಹೆಡರ್ ಹೊಡೆದರೆ, ಕಂಠೀರವದಲ್ಲಿ ನೋಡಿದ ಹಾಗೇ ಅನ್ನಿಸುತ್ತದೆ.

ತಂಗಿ ಕಾಲೇಜು ತಂಡದಲ್ಲಿ ಫುಟ್‌ಬಾಲ್ ಆಡುತ್ತಾಳೆ. ಅವಳಿಗೆ ನನ್ನ ಸಿಲ್ವರ್ ತಂಡದಲ್ಲಿ ಆಸಕ್ತಿ ಇರಲಿಲ್ಲ. ಎಫ್‌ಸಿ 24ರಿಂದ ಹೆಂಗಸರ ಕಾರ್ಡ್‌ಗಳೂ ಬಂದವಲ್ಲ, ಅದನ್ನು ನೋಡಿದ ಮೇಲೆ ಇನ್ನೊಂದು ಕಂಟ್ರೋಲರ್ ಕೇಳಿದಳು. ಗಂಡಸರು ಹೆಂಗಸರು ಒಂದೇ ತಂಡದಲ್ಲಿ ಆಡಬಹುದು. ಲೀಗ್ ಬೇರೆಯಾದರೂ ಕ್ಲಬ್ ಮತ್ತು ದೇಶದ ಕೆಮಿಸ್ಟ್ರಿ ಸೇರುತ್ತದೆ. ಚೆಲ್ಸಿಯ ಸ್ಯಾಮ್ ಕೆರ್ ಮುಂದೆ, ಚೆಲ್ಸಿಯ ರೀಸ್ ಜೇಮ್ಸ್ ಹಿಂದೆ, ಇಬ್ಬರಿಗೂ ಅಂಕ. ಇದನ್ನು ನನಗೆ ತೋರಿಸಿಕೊಟ್ಟವಳು ಅವಳೇ. ನಾನು ಆರು ತಿಂಗಳು ಆಡಿಯೂ ಗಮನಿಸಿರಲಿಲ್ಲ. ಈಗ ಎರಡನೇ ತಂಡ ಪೂರ್ತಿ ಅವಳ ಕೈಯಲ್ಲಿದೆ.

ಇಷ್ಟೆಲ್ಲ ಹೊಗಳಿದ್ದಾಯಿತು. ಇನ್ನು ನೋವಿನ ಮಾತು.

ಮೊದಲನೆಯದು ಹೊತ್ತು. ಹೊಸ ಕಾರ್ಡ್, ಹೊಸ ಸವಾಲು ಎಲ್ಲ ಬಿಡುವುದು ಬ್ರಿಟನ್ನಿನ ಸಂಜೆ 6 ಗಂಟೆಗೆ. ಅವರ ಬೇಸಿಗೆಯಲ್ಲಿ ಅದು ನಮಗೆ ರಾತ್ರಿ 10:30. ಅಕ್ಟೋಬರ್ ಕೊನೆಗೆ ಅವರು ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ, ನಮಗೆ 11:30 ಆಗುತ್ತದೆ. ಸರಿಯಾಗಿ ಅರೇಬಿಕಾ ಕೊಯ್ಲು ಶುರುವಾಗಿ, ನಮ್ಮಲ್ಲಿ ಕೆಲಸ ಏರುವ ಕಾಲ. ಮಾರ್ಚ್ ಕೊನೆಗೆ, ಹೂಮಳೆ ಕಾಯುವ ಹೊತ್ತಿಗೆ, ಮತ್ತೆ 10:30ಕ್ಕೆ ಬರುತ್ತದೆ. ಚಳಿಗಾಲದಲ್ಲಿ ನಾನು ಹೊಸದನ್ನು ನೋಡುವುದು ಮರುದಿನ ಬೆಳಿಗ್ಗೆ ಕಾಫಿ ಜೊತೆಗೇ. ಅಷ್ಟರಲ್ಲಿ ಅಗ್ಗದ್ದೆಲ್ಲ ಹೋಗಿರುತ್ತದೆ.

ಎರಡನೆಯದು ಮಳೆ. ಇದರಲ್ಲಿ ಗೇಮ್‌ನ ತಪ್ಪಿಲ್ಲ. ಆದರೆ ಮಲೆನಾಡಿನಲ್ಲಿ ಕೂತು ಕೊಳ್ಳುವವರಿಗೆ ಗೊತ್ತಿರಬೇಕು. ಅಲ್ಟಿಮೇಟ್ ಟೀಮ್‌ಗೆ ಇಂಟರ್ನೆಟ್ ಇಲ್ಲದೆ ಒಂದು ಹೆಜ್ಜೆಯೂ ಇಲ್ಲ. ಜುಲೈ ಬಂತೆಂದರೆ ಎಲ್ಲೋ ಒಂದು ಸಿಲ್ವರ್ ಓಕ್ ಕೊಂಬೆ ಮುರಿದು ಕೇಬಲ್ ಮೇಲೆ ಬೀಳುತ್ತದೆ. ಹೋದ ಮಳೆಗಾಲ ನಮ್ಮ ಬೀದಿಗೆ ಒಂಬತ್ತು ದಿನ ಲೈನ್ ಇರಲಿಲ್ಲ. ಫೋನ್ ಮಾಡಿದಾಗಲೆಲ್ಲ ನಾಳೆ ಬರುತ್ತೇವೆ ಅಂದರು. ಎಲ್ಲಕ್ಕಿಂತ ಕೆಟ್ಟದ್ದು ಮ್ಯಾಚ್ ನಡುವೆ ಹೋಗುವುದು. 2–0 ಮುಂದಿದ್ದೆ, 80ನೇ ನಿಮಿಷ, ಪರದೆ ನಿಂತಿತು. ಆ ಮ್ಯಾಚ್‌ಗೆ ನನಗೆ ಏನೂ ಸಿಗಲಿಲ್ಲ. ಅದಾದ ಮೇಲೆ ಮಳೆಗಾಲದಲ್ಲಿ ಎದುರಾಳಿ ಮನುಷ್ಯ ಇರುವ ರೈವಲ್ಸ್ ಬಿಟ್ಟೆ. ಕಂಪ್ಯೂಟರ್ ಎದುರು ಆಡುವ ಸ್ಕ್ವಾಡ್ ಬ್ಯಾಟಲ್ಸ್ ಸಾಕು. ಲೈನ್ ಹೋದರೆ ಅಲ್ಲೂ ನಷ್ಟವೇ, ಆದರೆ ಇನ್ನೊಬ್ಬರ ಹೊತ್ತು ಹಾಳಾಗುವುದಿಲ್ಲ.

ಮೂರನೆಯದೇ ದೊಡ್ಡದು. ಸೆಪ್ಟೆಂಬರ್ ಬಂದರೆ ತಂಡ ಮುಗಿಯಿತು. ಎಫ್‌ಸಿ 24 ಬಂದಿದ್ದು 2023ರ ಸೆಪ್ಟೆಂಬರ್ 29ಕ್ಕೆ, ಎಫ್‌ಸಿ 25 ಬಂದಿದ್ದು 2024ರ ಸೆಪ್ಟೆಂಬರ್ 27ಕ್ಕೆ. ಒಂದರ ಕಾರ್ಡು, ಕಾಯಿನ್ನು ಇನ್ನೊಂದಕ್ಕೆ ಬರುವುದಿಲ್ಲ. ಮೊದಲಿನಿಂದ ಮತ್ತೆ. ಇದು ಎಲ್ಲರಿಗೂ ಗೊತ್ತಿರುವ ನಿಯಮ, ನನಗೂ ಗೊತ್ತಿತ್ತು. ಗೊತ್ತಿದ್ದರೂ ಹೊಸ ಗೇಮ್ ಹಾಕಿ, ಖಾಲಿ ಕ್ಲಬ್ ನೋಡಿದಾಗ ಹೊಟ್ಟೆ ಒಳಗೆ ಏನೋ ಕುಸಿದಂತೆ ಆಯಿತು. ಐದು ವಾರ ಹಾಲು ಉಕ್ಕಿಸಿ ಕೂಡಿಸಿದ ತಂಡ ಅದು. ಗಿಡ ಆದರೆ ಹಣ್ಣು ಕೊಯ್ದ ಮೇಲೂ ತೋಟದಲ್ಲಿ ಇರುತ್ತದೆ. ಇಲ್ಲಿ ಗಿಡವನ್ನೇ ಬಿಟ್ಟು ಬರಬೇಕು.

ಅದಕ್ಕೇ ಪಾಯಿಂಟ್ಸ್ ಮೇಲೆ ದುಡ್ಡು ಹಾಕಬೇಡಿ ಅಂತ ನನ್ನ ಕಿರಿಯ ಸಹೋದ್ಯೋಗಿಗಳಿಗೆ ಹೇಳುತ್ತಿರುತ್ತೇನೆ. ಪ್ಯಾಕ್‌ನಲ್ಲಿ ಏನು ಬರುತ್ತದೆ ಅನ್ನುವುದು ಅದೃಷ್ಟ. ಸಾಧ್ಯತೆ ಎಷ್ಟು ಅಂತ ಪ್ಯಾಕ್ ಮೇಲೇ ಬರೆದಿರುತ್ತದೆ, ಒಮ್ಮೆ ಓದಿ ನೋಡಿ, ಕೈ ತಾನಾಗೇ ಹಿಂದಕ್ಕೆ ಬರುತ್ತದೆ. ಬೆಲ್ಜಿಯಂನಲ್ಲಿ ಇಂಥ ಪ್ಯಾಕ್‌ಗಳು ಜೂಜು ಅಂತ 2018ರಲ್ಲಿ ಅಲ್ಲಿನ ಆಯೋಗ ಹೇಳಿತು, 2019ರಿಂದ ಅಲ್ಲಿ ಪಾಯಿಂಟ್ಸ್ ಮಾರಾಟ ನಿಂತಿತು. ಇಲ್ಲಿ ಅಂಥ ತಡೆ ನಮಗೆ ನಾವೇ ಹಾಕಿಕೊಳ್ಳಬೇಕು. ನನ್ನ ಅಕೌಂಟ್‌ಗೆ ಕಾರ್ಡ್ ವಿವರ ಸೇರಿಸಿಯೇ ಇಲ್ಲ. ನಿಮ್ಮ ಮನೆಯಲ್ಲಿ ಮಕ್ಕಳು ಆಡುವುದಾದರೆ ನೀವೂ ಸೇರಿಸಬೇಡಿ.

ಎಫ್‌ಸಿ 25 ಬಗ್ಗೆ ಎರಡು ಮಾತು. ಕಾಂಟ್ರಾಕ್ಟ್ ಕಾರ್ಡ್ ತೆಗೆದುಹಾಕಿದ್ದು ಒಳ್ಳೆಯದಾಯಿತು. ಮೊದಲು ಇಷ್ಟು ಮ್ಯಾಚ್ ಆದ ಮೇಲೆ ಪ್ರತಿ ಆಟಗಾರನಿಗೂ ಕಾಂಟ್ರಾಕ್ಟ್ ತುಂಬಬೇಕಿತ್ತು, ಸುಮ್ನೆ ಹೊತ್ತು ಹೋಗುತ್ತಿತ್ತು. ಐದೈದು ಜನ ಆಡುವ ರಷ್ ಹೊಸದು. ತಂಗಿಗೆ ಇಷ್ಟ, ನನಗೆ ಅಷ್ಟು ಹತ್ತಲಿಲ್ಲ.

ಎಫ್‌ಸಿ 24 ಅನ್ನು ನಾನು ಅಳಿಸಿಲ್ಲ. ಪಿಎಸ್4ರಲ್ಲಿ ಜಾಗ ಕಮ್ಮಿ, ಬೇರೆ ಮೂರು ಗೇಮ್ ತೆಗೆದೆ, ಇದನ್ನು ತೆಗೆಯಲಿಲ್ಲ. 2024ರ ಜೂನ್ 6ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಕುವೈತ್ ಎದುರು ಛೆಟ್ರಿಯವರ ವಿದಾಯದ ಪಂದ್ಯ ಇತ್ತು. 0–0. ಮುಗಿದ ಮೇಲೆ ಅವರು ಅಳುತ್ತಾ ಮೈದಾನ ಸುತ್ತಿದ್ದನ್ನು ಮನೆಯವರೆಲ್ಲ ಕೂತು ನೋಡಿದೆವು. ಆ ರಾತ್ರಿ ಟಿವಿ ಆರಿಸದೆ ಪಿಎಸ್4 ಹಾಕಿದೆ. ಮಳೆ ಶುರುವಾಗಿತ್ತು, ಆದರೆ ಲೈನ್ ಇತ್ತು. ತಂಗಿ ವಿಂಗ್‌ನಿಂದ ಕ್ರಾಸ್ ಹಾಕುವ ಕೆಲಸ ವಹಿಸಿಕೊಂಡಳು, ನಾನು ಛೆಟ್ರಿ. ಹನ್ನೊಂದರ ತನಕ ಆಡಿದೆವು.

ಆಮೇಲೆ 2025ರ ಮಾರ್ಚ್‌ನಲ್ಲಿ ಅವರು ಮತ್ತೆ ಭಾರತಕ್ಕೆ ಆಡಲು ಬಂದರು, ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಎದುರು ಗೋಲೂ ಹೊಡೆದರು. ಹೆಡರ್. ಮರುದಿನ ಬೆಳಿಗ್ಗೆ ಡಿಕಾಕ್ಷನ್ ಇಳಿಯುವ ಹೊತ್ತಿಗೆ ಆ ಗೋಲನ್ನು ಮೊಬೈಲ್‌ನಲ್ಲಿ ನಾಲ್ಕು ಸಲ ನೋಡಿದೆ. ಮಾರ್ಕೆಟ್ ತೆರೆಯಲೇ ಇಲ್ಲ.