ಮುಟ್ಟಿನ ಕಪ್: ವಸ್ತು ಚೆನ್ನಾಗಿದೆ, ಕುದಿಸಲು ಪಾತ್ರೆ ಎಲ್ಲಿದೆ?

ಮೊದಲೇ ಹೇಳಿಬಿಡುತ್ತೇನೆ: ಇದು ಕೊಳ್ಳಬೇಕಾದ ವಸ್ತು. ಆದರೆ ಕೊಳ್ಳುವ ಮುನ್ನ ನಿಮ್ಮ ಮನೆಯ ಬಚ್ಚಲು, ಒಲೆ ಮತ್ತು ಅತ್ತೆಯ ಮಾತು, ಈ ಮೂರರ ಬಗ್ಗೆ ಒಮ್ಮೆ ಯೋಚಿಸಿ. ಯಾವ ಕಂಪನಿಯ ಪೆಟ್ಟಿಗೆಯ ಮೇಲೂ ಈ ಸೂಚನೆ ಇರುವುದಿಲ್ಲ.

ನಾನು ಶಿರಾ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಬೆಳಿಗ್ಗೆ ಮನೆ ಬಿಟ್ಟರೆ ಬಸ್ಸಿನಲ್ಲಿ ನಿಂತು ಹೋಗಿ, ತರಗತಿಯಲ್ಲಿ ನಿಂತು ಪಾಠ ಮಾಡಿ, ಮತ್ತೆ ನಿಂತುಕೊಂಡೇ ಹಿಂತಿರುಗುವುದು. ಶಾಲೆಯಲ್ಲಿ ಶೌಚಾಲಯವಿದೆ, ಬೇಸಿಗೆ ಬಂತೆಂದರೆ ನೀರಿಲ್ಲ, ಕಸದ ಬುಟ್ಟಿ ಯಾವ ಕಾಲದಲ್ಲೂ ಇಲ್ಲ. ಬದಲಿಸಿದ ಪ್ಯಾಡನ್ನು ಕಾಗದದಲ್ಲಿ ಸುತ್ತಿ, ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮಕ್ಕಳ ಉತ್ತರಪತ್ರಿಕೆಗಳಿರುವ ಅದೇ ಬ್ಯಾಗಿನಲ್ಲಿ ಇಟ್ಟುಕೊಂಡು ಮನೆಗೆ ತರಬೇಕಿತ್ತು. ಮನೆಯಲ್ಲಿ ಅದನ್ನು ಸುಡಬೇಕು, ಯಾರ ಕಣ್ಣಿಗೂ ಬೀಳದಂತೆ. ನಮ್ಮ ಕಡೆಯ ಸಾವಿರಾರು ಹೆಂಗಸರ ಪ್ರತಿ ತಿಂಗಳ ಕೆಲಸ ಇದು. ಇದಕ್ಕೆ ಸಂಬಳವಿಲ್ಲ, ಹೆಸರೂ ಇಲ್ಲ.

ಕಪ್ ಎಂದರೆ ಮೆತ್ತನೆಯ ವೈದ್ಯಕೀಯ ಸಿಲಿಕೋನಿನ ಪುಟ್ಟ ಬಟ್ಟಲು. ಮಡಚಿ ಯೋನಿಯೊಳಗೆ ಇಟ್ಟರೆ ಅಲ್ಲಿ ಬಿಚ್ಚಿಕೊಂಡು ಸ್ರಾವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಾಮಾನ್ಯವಾಗಿ 20ರಿಂದ 30 ಮಿಲಿಲೀಟರ್ ಹಿಡಿಯುತ್ತದೆ, ಹೆಚ್ಚೆಂದರೆ 12 ಗಂಟೆ ಇಟ್ಟುಕೊಳ್ಳಬಹುದು. ತೆಗೆದು, ಚೆಲ್ಲಿ, ತೊಳೆದು ಮತ್ತೆ ಇಟ್ಟುಕೊಳ್ಳುವುದು. ಪ್ರತಿ ಮುಟ್ಟಿನ ಮೊದಲು ನೀರಿನಲ್ಲಿ ಐದು ನಿಮಿಷ ಕುದಿಸಬೇಕು. ಜೋಪಾನವಾಗಿಟ್ಟರೆ ಹತ್ತು ವರ್ಷದವರೆಗೆ ಬಾಳಿಕೆ ಬರುತ್ತದೆ. ನಾನು ತರಿಸಿಕೊಂಡದ್ದರ ಬೆಲೆ ನಾಲ್ಕು ನೂರು ರೂಪಾಯಿಯ ಆಸುಪಾಸು. ನನ್ನ ಪ್ಯಾಡಿನ ಖರ್ಚಿಗೆ ಹೋಲಿಸಿದರೆ ಆರು ತಿಂಗಳೊಳಗೆ ಅಸಲು ಹುಟ್ಟಿತು. ಕಂಪನಿಯ ಹೆಸರು ಹೇಳುತ್ತಿಲ್ಲ. ಮಾರುಕಟ್ಟೆಯಲ್ಲಿರುವ ಹೆಚ್ಚಿನವು ಇದೇ ಮಾದರಿಯವು, ನನ್ನ ಮಾತು ಎಲ್ಲಕ್ಕೂ ಅನ್ವಯಿಸುತ್ತದೆ.

ಬಳಸಲು ಕಲಿಯುವುದು ಒಂದು ದಿನದ ಕೆಲಸವಲ್ಲ. ಬಾಯಿಯ ಅಂಚನ್ನು ಒಳಕ್ಕೆ ಒತ್ತಿ ಮೊಗ್ಗಿನ ಹಾಗೆ ಮಡಚುವ ವಿಧಾನ ನನಗೆ ಒಗ್ಗಿತು. ಒಳಗೆ ಹೋದ ಮೇಲೆ ಅದು ಪೂರ್ತಿ ಬಿಚ್ಚಿಕೊಂಡಿತೇ ಎಂದು ಬುಡದ ಸುತ್ತ ಬೆರಳಾಡಿಸಿ ನೋಡಬೇಕು, ಸುಕ್ಕು ಉಳಿದರೆ ಸೋರುತ್ತದೆ. ತೆಗೆಯುವಾಗ ಕೆಳಗಿನ ಬಾಲವನ್ನು ಹಿಡಿದು ಎಳೆಯಬಾರದು. ಕುಕ್ಕರಗಾಲಿನಲ್ಲಿ ಕುಳಿತು, ಬುಡವನ್ನು ಎರಡು ಬೆರಳಿನಿಂದ ಹಿಸುಕಿ, ಒಳಗಿನ ಗಾಳಿಯ ಹಿಡಿತ ಬಿಟ್ಟ ಮೇಲೆ ಮೆಲ್ಲಗೆ ಹೊರತೆಗೆಯಬೇಕು. ನಮ್ಮ ನೆಲಮಟ್ಟದ ಶೌಚಾಲಯ ಇದಕ್ಕೆ ತುಂಬ ಅನುಕೂಲ. ಮೊದಲ ಕೆಲವು ತಿಂಗಳು ಜೊತೆಗೆ ಒಂದು ಬಟ್ಟೆ ಇಟ್ಟುಕೊಳ್ಳುವುದು ಒಳ್ಳೆಯದು. ಅವಸರದ ದಿನ, ಅಂದರೆ ಪರೀಕ್ಷೆಯ ಕೊಠಡಿ ಮೇಲ್ವಿಚಾರಣೆ ಇರುವ ದಿನ, ಪ್ರಯೋಗಕ್ಕೆ ಇಳಿಯಬೇಡಿ. ರಜೆಯ ದಿನ ಮನೆಯಲ್ಲಿಯೇ ಶುರುಮಾಡಿ.

ಕೈ ಕುದುರಿದ ಮೇಲೆ ಸಿಗುವ ಸುಖ ದೊಡ್ಡದು. ತೊಡೆ ಸಂದು ಉಜ್ಜಿ ಹುಣ್ಣಾಗುವುದು ನಿಂತಿತು. ಬಸ್ಸಿನಲ್ಲಿ ಎದ್ದಾಗ ಸೀರೆಯ ಹಿಂಭಾಗ ಮುಟ್ಟಿ ನೋಡಿಕೊಳ್ಳುವ ಅಭ್ಯಾಸ ತಪ್ಪಿತು. ಕಪ್ಪು ಚೀಲ ಬ್ಯಾಗಿನಿಂದ ಹೊರಹೋಯಿತು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಬೇರೆ. ಕಪ್ಪಿನ ಒಳಗೆ ಗೆರೆಗಳಿವೆ, ಎಷ್ಟು ಹೋಯಿತೆಂದು ಅಳೆಯಬಹುದು. ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವುದು 30ರಿಂದ 80 ಮಿಲಿಲೀಟರ್. ಪ್ಯಾಡಿನಲ್ಲಿ ಅಥವಾ ಬಟ್ಟೆಯಲ್ಲಿ ಇದು ಯಾರಿಗೂ ತಿಳಿಯುವುದಿಲ್ಲ. ನನ್ನ ಸಹೋದ್ಯೋಗಿಯೊಬ್ಬರು ಕಪ್ ಬಳಸತೊಡಗಿದ ಮೇಲೆಯೇ ತಮ್ಮ ಸ್ರಾವ ಇದರ ಎರಡರಷ್ಟಿದೆ ಎಂದು ಕಂಡುಕೊಂಡರು. ವರ್ಷಗಟ್ಟಲೆ ‘ಎಲ್ಲರಿಗೂ ಹೀಗೆಯೇ’ ಎಂದುಕೊಂಡಿದ್ದವರು ವೈದ್ಯರ ಬಳಿ ಹೋದರು, ರಕ್ತಹೀನತೆ ಗೊತ್ತಾಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ತನ್ನ ಮೈಯಿಂದ ಏನು ಹೋಗುತ್ತಿದೆ ಎಂದು ಕಣ್ಣಾರೆ ಕಾಣುವುದು ಇಂಥ ಊರಿನಲ್ಲಿ ಸಣ್ಣ ಸಂಗತಿಯಲ್ಲ.

ಇನ್ನು ಕುಂದುಗಳು. ಪೆಟ್ಟಿಗೆಯೊಳಗಿನ ಕಾಗದದಲ್ಲಿ ಇಂಗ್ಲಿಷ್ ಇದೆ, ಹಿಂದಿ ಇದೆ, ಕನ್ನಡ ಇಲ್ಲ. ಚಿತ್ರಗಳು ಕಡಲೆಕಾಳಿನಷ್ಟು. ಅಳತೆಯನ್ನು ‘ಹೆರಿಗೆಗೆ ಮುಂಚೆ’, ‘ಹೆರಿಗೆಯ ನಂತರ’ ಎಂದು ಎರಡೇ ಭಾಗ ಮಾಡಿದ್ದಾರೆ, ಗರ್ಭಕಂಠ ಎಷ್ಟು ಮೇಲೆ ಅಥವಾ ಕೆಳಗೆ ಇದೆ ಎಂಬುದೂ ಮುಖ್ಯ ಎಂದು ಎಲ್ಲಿಯೂ ಹೇಳಿಲ್ಲ. ಅತಿ ಗಂಭೀರವಾದ ಲೋಪವೆಂದರೆ, ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ಇಡುವ ಕಾಪರ್-ಟಿ ಬಗೆಗಿನ ಎಚ್ಚರಿಕೆಯನ್ನು ಕೊನೆಯ ಸಾಲಿನಲ್ಲಿ, ಸಣ್ಣಕ್ಷರದಲ್ಲಿ ಮುದ್ರಿಸಿರುವುದು. ಕಪ್ ತೆಗೆಯುವಾಗಿನ ಸೆಳೆತಕ್ಕೆ ಕಾಪರ್-ಟಿ ಜಾರಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯಾದ ಕೂಡಲೇ ಕಾಪರ್-ಟಿ ಹಾಕುವ ಪದ್ಧತಿ ನಮ್ಮಲ್ಲಿ ಇದೆ. ಹಾಕಿಸಿಕೊಂಡವರು ಕಪ್ ಕೊಳ್ಳುವ ಮುನ್ನ ವೈದ್ಯರನ್ನು ಕೇಳಲೇಬೇಕು, ಈ ಮಾತನ್ನು ದಪ್ಪಕ್ಷರದಲ್ಲಿ ಮೇಲೆಯೇ ಅಚ್ಚುಹಾಕಬೇಕು.

ಸುರಕ್ಷತೆಯ ಬಗ್ಗೆ ಕೇಳುವವರಿಗೆ: 2019ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ 43 ಅಧ್ಯಯನಗಳನ್ನು, ಸುಮಾರು 3,300 ಹೆಂಗಸರು ಮತ್ತು ಹುಡುಗಿಯರ ಅನುಭವವನ್ನು ಒಟ್ಟಿಗೆ ಪರಿಶೀಲಿಸಿದ ವರದಿ ಬಂತು. ಸೋರದಂತೆ ತಡೆಯುವುದರಲ್ಲಿ ಕಪ್ ಪ್ಯಾಡಿಗಿಂತ ಕಡಿಮೆಯೇನಲ್ಲ, ಸರಿಯಾಗಿ ಬಳಸಿದರೆ ಸುರಕ್ಷಿತ ಎಂಬುದು ಅದರ ಸಾರ. ಕಲಿತವರಲ್ಲಿ ಹತ್ತಕ್ಕೆ ಏಳು ಮಂದಿ ಮುಂದುವರಿಸಲು ಬಯಸಿದ್ದರು.

ಹತ್ತನೆಯ ತರಗತಿಗೆ ಸಂತಾನೋತ್ಪತ್ತಿಯ ಪಾಠ ಮಾಡಿದ ಮೇಲೆ ಹುಡುಗಿಯರನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ಒಂದು ಹೊಸ ಕಪ್ ತೋರಿಸಿದೆ. ಮುಟ್ಟಿ ನೋಡಿದರು, ಮಡಚಿದರು, ನಕ್ಕರು. ‘ಕಾಗೆ ಮುಟ್ಟಿದೆ’ ಎಂದೇ ಮುಟ್ಟನ್ನು ಹೇಳಿ ಬೆಳೆದ ಮಕ್ಕಳು ಅವರು. ಎಲ್ಲ ಆದ ಮೇಲೆ ಹಟ್ಟಿಯಿಂದ ಬರುವ ಹುಡುಗಿಯೊಬ್ಬಳು ಕೇಳಿದಳು: ‘ಮಿಸ್, ಇದನ್ನು ಯಾವುದರಲ್ಲಿ ಕುದಿಸುವುದು?’

ಈ ವಸ್ತುವಿನ ಬಗ್ಗೆ ನಾನು ಹೇಳಬೇಕಾದದ್ದೆಲ್ಲ ಆ ಪ್ರಶ್ನೆಯ ಸುತ್ತಲೇ ಇದೆ. ತುಮಕೂರು, ಚಿತ್ರದುರ್ಗ ಕಡೆಯ ಹಲವು ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವಳು ಮನೆಯೊಳಗೇ ಇರುವಂತಿಲ್ಲ, ಹಟ್ಟಿಯ ಹೊರಗಿರಬೇಕು. ಬಾಣಂತಿಯೂ ಹಾಗೆಯೇ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಮಳೆ ಚಳಿಯ ನಡುವೆ ಹೊರಗಿನ ಗುಡಿಸಲಿನಲ್ಲಿ ತಾಯಿಯ ಜೊತೆಗಿದ್ದ ಹಸುಗೂಸು ತೀರಿಕೊಂಡಿತು. ಹೀಗೆ ಹೊರಗಿರುವವರ ನೆರಳಿಗೆಂದು ಸರ್ಕಾರವೇ ಹಿಂದೆ ಕೃಷ್ಣಕುಟೀರಗಳನ್ನು ಕಟ್ಟಿಸಿತ್ತು. ಮಳೆಗೆ ಸೂರು ಸಿಕ್ಕಿತು ಎಂದವರಿದ್ದಾರೆ. ಆ ಸೂರೇ ಪದ್ಧತಿಗೆ ಮುದ್ರೆ ಒತ್ತಿತು ಎಂದವರೂ ಇದ್ದಾರೆ, ನಾನು ಈ ಎರಡನೆಯವರ ಕಡೆ.

ಗೊಲ್ಲರ ಹಟ್ಟಿಯೊಂದನ್ನೇ ಬೆರಳು ಮಾಡಿ ತೋರಿಸುವುದು ಅನ್ಯಾಯ. ಪೇಟೆಯ ನನ್ನ ತವರಿನಲ್ಲಿ ಮೂರು ದಿನ ಮೂಲೆಯ ಚಾಪೆ, ಬೇರೆ ತಟ್ಟೆ, ಬೇರೆ ಲೋಟ. ಓದಿದವರ, ನೌಕರಿ ಮಾಡುವವರ ಎಷ್ಟೋ ಮನೆಗಳಲ್ಲಿ ಇಂದಿಗೂ ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ. ಅನ್ನ ಬೇಯಿಸುವ ಒಲೆಯ ಮೇಲೆ ಮುಟ್ಟಿನ ಕಪ್ ಕುದಿಸುತ್ತೇನೆಂದರೆ ಯಾವ ಅತ್ತೆ ಒಪ್ಪುತ್ತಾಳೆ? ಕುದಿಸದಿದ್ದರೆ ಸೋಂಕಿನ ಭಯ. ಮನೆಯೊಳಗೆ ಅವಳದೇ ಎನ್ನುವ ಪಾತ್ರೆಯಿಲ್ಲದಿದ್ದರೆ ನಾಲ್ಕು ನೂರು ರೂಪಾಯಿಯ ಸಿಲಿಕೋನ್ ಏನು ಮಾಡಬಲ್ಲದು?

ನೇಪಾಳದ ಪಶ್ಚಿಮ ಭಾಗದ ಛೌಪದಿ ಪದ್ಧತಿಯೂ ಇಂಥದ್ದೇ, ಮುಟ್ಟಾದವಳು ಗುಡಿಸಲಿಗೆ ಹೋಗಬೇಕು. ಅಲ್ಲಿನ ಸುಪ್ರೀಂ ಕೋರ್ಟ್ 2005ರಲ್ಲಿ ನಿಷೇಧಿಸಿತು, 2017ರ ಕಾನೂನು ಮೂರು ತಿಂಗಳ ಜೈಲು ಅಥವಾ ಮೂರು ಸಾವಿರ ರೂಪಾಯಿ ದಂಡ ಎಂದಿತು. ಆದರೂ 2019ರ ಜನವರಿಯಲ್ಲಿ ಬಾಜುರಾ ಜಿಲ್ಲೆಯಲ್ಲಿ ತಾಯಿ ಮತ್ತು ಇಬ್ಬರು ಮಕ್ಕಳು ಅಂಥ ಗುಡಿಸಲಿನಲ್ಲಿ, ಚಳಿಗೆ ಹಾಕಿದ ಬೆಂಕಿಯ ಹೊಗೆಗೆ ಸತ್ತರು. ಅದೇ ದೇಶದ ಚಿತ್ವನದಲ್ಲಿ ಶಾಲಾ ಹುಡುಗಿಯರಿಗೆ ಕಪ್ ಕೊಟ್ಟು ನಡೆಸಿದ ಅಧ್ಯಯನವೊಂದರ ಫಲಿತಾಂಶ ನನಗೆ ಬಹಳ ಹಿಡಿಸಿತು. ಶಾಲೆಯ ಹಾಜರಾತಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಆದರೆ ಮುಟ್ಟಿನ ದಿನಗಳಲ್ಲಿ ಬಟ್ಟೆ ಒಗೆಯುವ ಹೊತ್ತು ದಿನಕ್ಕೆ ಸುಮಾರು 20 ನಿಮಿಷ ಉಳಿಯಿತು. ಹುಡುಗಿಗೆ ಸಿಕ್ಕ 20 ನಿಮಿಷ! ಕಪ್ ಕೊಟ್ಟರೆ ಹೆಣ್ಣುಮಕ್ಕಳ ಬದುಕೇ ಬದಲಾಗುತ್ತದೆ ಎನ್ನುವ ಜಾಹೀರಾತುಗಳಿಗಿಂತ ಈ ಲೆಕ್ಕವನ್ನು ನಾನು ಹೆಚ್ಚು ನಂಬುತ್ತೇನೆ.

ಮದುವೆಯಾಗದ ಹುಡುಗಿಯರ ತಾಯಂದಿರು ಕೇಳುವುದು ಇನ್ನೊಂದು ಪ್ರಶ್ನೆ, ತಗ್ಗಿದ ದನಿಯಲ್ಲಿ: ಪೊರೆ ಹರಿದರೆ? ನೇರವಾಗಿಯೇ ಉತ್ತರಿಸುತ್ತೇನೆ. ಯೋನಿಪೊರೆ ಹಿಗ್ಗಬಹುದು, ಹರಿಯಲೂಬಹುದು. ಓಟಕ್ಕೂ ಸೈಕಲ್ಲಿಗೂ ಹಾಗಾದೀತು, ಹುಟ್ಟಿನಿಂದಲೇ ಅದು ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಅದು ಯಾವುದಕ್ಕೂ ಸಾಕ್ಷಿಯಲ್ಲ. ಅತ್ಯಾಚಾರಕ್ಕೆ ಒಳಗಾದವರ ಮೇಲೆ ನಡೆಯುತ್ತಿದ್ದ ‘ಎರಡು ಬೆರಳಿನ ಪರೀಕ್ಷೆ’ಗೆ ವೈಜ್ಞಾನಿಕ ಆಧಾರವೇ ಇಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರಿನಲ್ಲಿ ಖಂಡಿಸಿದ್ದು ಇದೇ ಕಾರಣಕ್ಕೆ. ಹಾಗೆಂದು ಬೇಡವೆನ್ನುವ ಹುಡುಗಿಯ ಕೈಗೆ ಕಪ್ ತುರುಕಬಾರದು. ಬಟ್ಟೆ ಬೇಕೆಂದರೆ ಬಟ್ಟೆಯೇ ಸರಿ. ಅದನ್ನು ಬಿಸಿಲಿನಲ್ಲಿ ಹರವಿ ಒಣಗಿಸುವ ಧೈರ್ಯ ಮಾತ್ರ ಮನೆಯವರಿಗೆ ಬರಬೇಕು. ಸೀರೆಯ ಮರೆಯಲ್ಲಿ ಕದ್ದು ಒಣಗಿಸಿದ ಬಟ್ಟೆ ಪೂರ್ತಿ ಒಣಗುವುದೇ ಇಲ್ಲ. 2019–21ರ ಅದೇ ಸಮೀಕ್ಷೆಯ ಹೊತ್ತಿಗೆ ದೇಶದಲ್ಲಿ 15ರಿಂದ 24 ವಯಸ್ಸಿನ ಹೆಂಗಸರಲ್ಲಿ ಅರ್ಧದಷ್ಟು ಮಂದಿ ಬಟ್ಟೆ ಬಳಸುತ್ತಿದ್ದರು, ಕಪ್ ಬಳಸುವವರು ನೂರಕ್ಕೆ ಒಬ್ಬರೂ ಇರಲಿಲ್ಲ.

ಕೇರಳದ ಆಲಪ್ಪುಳದಲ್ಲಿ 2019ರಲ್ಲಿ ‘ತಿಂಗಳ್’ ಯೋಜನೆಯಡಿ ಸುಮಾರು 5,000 ಕಪ್ಪುಗಳನ್ನು ಹಂಚಿದರು. ಬರೀ ಹಂಚಿ ಕೈತೊಳೆದುಕೊಳ್ಳದೆ, ಬಳಸುವುದನ್ನು ಕಲಿಸುವುದಕ್ಕೂ ಜನರನ್ನು ನೇಮಿಸಿದರು. ಕರ್ನಾಟಕ ಸರ್ಕಾರವೂ 2023ರಲ್ಲಿ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ ‘ಮೈತ್ರಿ’ ಹೆಸರಿನಲ್ಲಿ ಪ್ರಾಯೋಗಿಕವಾಗಿ ಕಪ್ ಕೊಡಲು ಶುರುಮಾಡಿತು. ಒಳ್ಳೆಯ ಕೆಲಸ. ನಮ್ಮ ಬಯಲುಸೀಮೆಗೂ ಬರಲಿ. ಬರುವಾಗ ತರಬೇತಿಗೆ ಹುಡುಗಿಯರ ಜೊತೆ ಅವರ ತಾಯಿ, ಅತ್ತೆ, ಅಜ್ಜಿಯನ್ನೂ ಕರೆಯಲಿ, ಅಪ್ಪಂದಿರಿಗೆ ಬೇರೆಯಾಗಿ ತಿಳಿಸಿ ಹೇಳಲಿ.

ಆ ಹುಡುಗಿಯ ಪ್ರಶ್ನೆಗೆ ದಾರಿ ತೋರಿಸಿದವರು ನಮ್ಮೂರಿನ ಆಶಾ ಕಾರ್ಯಕರ್ತೆ. ಅಡುಗೆಯ ಒಲೆ ಬೇಡ, ಸ್ನಾನಕ್ಕೆ ನೀರು ಕಾಯಿಸುವ ಬಚ್ಚಲ ಒಲೆ ಇದೆಯಲ್ಲ ಎಂದರು. ಮೈಲಿಗೆ ಎನ್ನುವವರೂ ಆ ಒಲೆಗೆ ತಕರಾರು ತೆಗೆಯುವುದು ಕಡಿಮೆ. ಹಂಡೆಯ ಪಕ್ಕದ ಕೆಂಡದ ಮೇಲೆ ಒಂದು ಪುಟ್ಟ ಸ್ಟೀಲ್ ಚೆಂಬು ಇಟ್ಟು, ನೀರು ಮರಳಿದ ಮೇಲೆ ಕಪ್ ಹಾಕಿ, ತಳಕ್ಕೆ ತಗುಲಿ ಸುಟ್ಟುಹೋಗದಂತೆ ನೋಡಿಕೊಂಡು ಐದು ನಿಮಿಷ ಕುದಿಸುವುದು. ಆಮೇಲೆ ಒಣಗಿಸಿ ಹತ್ತಿಯ ಚೀಲದಲ್ಲಿಡುವುದು, ಗಾಳಿಯಾಡದ ಡಬ್ಬಿಯಲ್ಲಿ ಅಲ್ಲ. ಹಟ್ಟಿಯ ಹೊರಗೆ ಕೂರುವ ಮಗುವಿಗೆ ಇದೂ ಪೂರ್ತಿ ಉತ್ತರವಲ್ಲ. ಅವಳನ್ನು ಒಳಗೆ ಕರೆಯಬೇಕಾದವರು ಅವಳ ಮನೆಯವರೇ, ಆ ಮಾತುಕತೆಗೆ ನಾನು ಮತ್ತು ಆಶಾ ಕಾರ್ಯಕರ್ತೆ ಹೋಗಿ ಬರುತ್ತಿದ್ದೇವೆ.

ಯಾರು ಕೊಳ್ಳಬಹುದು? ಬಾಗಿಲಿಗೆ ಚಿಲಕವಿರುವ ಬಚ್ಚಲು, ಒಂದು ಚೊಂಬು ಶುದ್ಧ ನೀರು, ಕೈತೊಳೆಯಲು ಸೋಪು ಇರುವ ಯಾರಾದರೂ. ದಿನವಿಡೀ ನಿಂತು ಕೆಲಸ ಮಾಡುವವರು, ಬಸ್ ಕಂಡಕ್ಟರುಗಳು, ಗಾರ್ಮೆಂಟ್ಸಿಗೆ ಹೋಗುವವರು, ಈರುಳ್ಳಿ ಹೊಲದಲ್ಲಿ ಬಗ್ಗಿ ಕಳೆ ತೆಗೆಯುವವರು ಮೊದಲು ಕೊಳ್ಳಿ. ತಯಾರಕರಿಗೆ ನನ್ನ ಬೇಡಿಕೆ ಎರಡೇ: ಕನ್ನಡದಲ್ಲಿ ದೊಡ್ಡ ಚಿತ್ರಗಳಿರುವ ಕೈಪಿಡಿ, ಮತ್ತು ಆ ಮಿರುಗುವ ಗುಲಾಬಿ ಪೆಟ್ಟಿಗೆಯ ಖರ್ಚು ಉಳಿಸಿ ಅದರ ಬದಲು ಮುಚ್ಚಳವಿರುವ ಒಂದು ಸ್ಟೀಲ್ ಲೋಟ.